ಹಲ್ಲಿಗೆ ಹಾಕುವ ರಬ್ಬರ್



ಹೋದ ವಾರ ರಾತ್ರಿ ತರಗತಿಯಲ್ಲಿ ನಾವು ಹಲಗೆಯ ಮೇಲೆ ಒಂದು ಪದ ಬರೆದೆವು. ಕೂಲಿ. ಎಲ್ಲರೂ ಓದಿದಿರಿ. ಅರ್ಥ ಏನು ಅಂತ ಕೇಳಿದೆವು. ಅರ್ಧ ಜನ, ಬೀಡಿ ಕಟ್ಟಿದರೆ ಸಿಗುವ ದುಡ್ಡು ಅಂದಿರಿ. ಇನ್ನರ್ಧ ಜನ ಬಾಯಿ ತೆರೆದು ಹಲ್ಲು ತೋರಿಸಿದಿರಿ. ಎಲ್ಲರೂ ನಕ್ಕದ್ದೇ ನಕ್ಕದ್ದು. ಎರಡೂ ಸರಿಯೇ. ಕನ್ನಡದಲ್ಲಿ ಕೂಲಿ ಅಂದರೆ ದುಡಿದ ದುಡ್ಡು. ತುಳುವಿನಲ್ಲಿ ಕೂಲಿ ಅಂದರೆ ಹಲ್ಲು. ಬರೆಯುವಾಗ ಎರಡಕ್ಕೂ ಅದೇ ಅಕ್ಷರ.

ಇವತ್ತು ನಾವು ಹಲ್ಲಿನ ವಿಷಯ ಮಾತಾಡುತ್ತೇವೆ. ಇನ್ನೊಂದು ಕೂಲಿಯೂ ನಡುವೆ ಬಂದೇ ಬರುತ್ತದೆ. ಹಲ್ಲಿನ ಮದ್ದಿಗೆ ದುಡ್ಡು ಬೇಕಲ್ಲ.

ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ಕಡೆಯ ಬಸ್ಸಿನಲ್ಲಿ ಶಾಲೆಯ ಮಕ್ಕಳನ್ನು ನೋಡಿದ್ದೀರಿ. ಕೆಲವರ ಹಲ್ಲಿನ ಮೇಲೆ ತಂತಿ ಹೊಳೆಯುತ್ತದೆ. ಕೆಲವು ಮಕ್ಕಳು ನಕ್ಕರೆ ಮೇಲಿನ ಹಲ್ಲಿನಿಂದ ಕೆಳಗಿನ ಹಲ್ಲಿಗೆ ಒಂದು ತೆಳು ರಬ್ಬರ್ ಕಾಣುತ್ತದೆ. "ಅದು ಎಂತ ಟೀಚರ್, ಬಾಯಿಗೆ ರಬ್ಬರ್ ಕಟ್ಟುವುದಾ?" ಅಂತ ಒಬ್ಬ ಅಕ್ಕ ಕೇಳಿದರು. ಒಳ್ಳೆಯ ಪ್ರಶ್ನೆ. ಉತ್ತರ ಹೇಳುವ ಮೊದಲು ಒಬ್ಬ ಹುಡುಗಿಯ ವಿಷಯ ಹೇಳುತ್ತೇವೆ. ಹೇಳಲು ನಮಗೆ ಬೇಸರ ಉಂಟು. ಅದರಲ್ಲಿ ನಮ್ಮ ತಪ್ಪೂ ಉಂಟು.

ಆ ಹುಡುಗಿ ಆಗ ನಾಲ್ಕನೇ ಕ್ಲಾಸು. ಮೇಲಿನ ಎರಡು ಮುಂದಿನ ಹಲ್ಲುಗಳ ನಡುವೆ ಸಂದು ಇತ್ತು. ಒಂದು ಅಕ್ಕಿಕಾಳು ಹೋಗುವಷ್ಟು. ಮನೆಗೆ ಬಂದ ನೆಂಟರೊಬ್ಬರು, "ಈ ಸಂದು ಮದುವೆಗೆ ತೊಂದರೆ" ಅಂದರು. ಒಂಬತ್ತು ವರ್ಷದ ಹುಡುಗಿಗೆ ಮದುವೆಯ ಮಾತು! ಇನ್ನೊಬ್ಬರು ಉಪಾಯವನ್ನೂ ಹೇಳಿಕೊಟ್ಟರು. ಎರಡು ಹಲ್ಲಿಗೆ ಸೇರಿಸಿ ಸಣ್ಣ ರಬ್ಬರ್ ಹಾಕಿ, ತಾನಾಗಿ ಹತ್ತಿರ ಬರುತ್ತದೆ ಅಂತ. ಖರ್ಚು ಇಲ್ಲದ ಉಪಾಯ. ತಾಯಿ ಜಡೆಗೆ ಹಾಕುವ ಸಣ್ಣ ರಬ್ಬರ್ ತೆಗೆದು ರಾತ್ರಿ ಹಾಕಿದರು.

ಮೂರು ನಾಲ್ಕು ದಿನ ಹೀಗೆ ನಡೆಯಿತು. ಒಂದು ಬೆಳಿಗ್ಗೆ ನೋಡಿದರೆ ರಬ್ಬರ್ ಇಲ್ಲ. ನಿದ್ದೆಯಲ್ಲಿ ನುಂಗಿರಬೇಕು ಅಂದುಕೊಂಡರು. ಸಂದು ಕಡಿಮೆ ಆಗುತ್ತಾ ಬಂತು. ಮನೆಯವರಿಗೆ ಖುಷಿ.

ಎರಡು ತಿಂಗಳು ಕಳೆಯಿತು. ವಸಡು ಬಾತುಕೊಂಡಿತು. ಉಜ್ಜಿದರೆ ರಕ್ತ. ಆ ಎರಡು ಹಲ್ಲು ಬೇರೆ ಹಲ್ಲಿಗಿಂತ ಉದ್ದ ಕಾಣತೊಡಗಿದವು. ಹುಡುಗಿ ತರಗತಿಯಲ್ಲಿ ಬಾಯಿಗೆ ಕೈ ಅಡ್ಡ ಇಟ್ಟು ಮಾತಾಡುತ್ತಿದ್ದಳು. ನಾವು ಏನು ಮಾಡಿದೆವು? "ಸರಿಯಾಗಿ ಹಲ್ಲು ಉಜ್ಜುವುದಿಲ್ಲ ನೀನು" ಅಂತ ಬೈದೆವು. ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಲು ಹೇಳಿದೆವು. ಅಲ್ಲಿ ನಾವು ಇನ್ನೂ ಒಂದು ತಿಂಗಳು ಹಾಳು ಮಾಡಿದೆವು.

ಕೊನೆಗೆ ಹಲ್ಲು ಅಲುಗಾಡತೊಡಗಿತು. ಹಲ್ಲಿನ ಡಾಕ್ಟರಲ್ಲಿಗೆ ಕರೆದುಕೊಂಡು ಹೋದರು. ಎಕ್ಸ್‌ರೇ ತೆಗೆದರು. ಹಲ್ಲಿನ ಸುತ್ತ ಎಲುಬು ಸವೆದದ್ದು ಕಂಡಿತು. ಯಾಕೆ ಸವೆಯಿತು ಅಂತ ಕಾಣಲಿಲ್ಲ. ರಬ್ಬರ್ ಸಾಮಾನ್ಯವಾಗಿ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಡಾಕ್ಟರು ಪುನಃ ಪುನಃ ಕೇಳಿದ ಮೇಲೆ ತಾಯಿ ಹೆದರುತ್ತಾ ಹೇಳಿದರು, "ಒಮ್ಮೆ ರಬ್ಬರ್ ಹಾಕಿದ್ದೆವು." ವಸಡು ಬಿಡಿಸಿ ನೋಡಿದರೆ ರಬ್ಬರ್ ಬೇರಿನ ಹತ್ತಿರ ಕೂತಿತ್ತು. ಅದನ್ನು ತೆಗೆದರು. ಹಲ್ಲುಗಳನ್ನು ಅಕ್ಕಪಕ್ಕದ ಹಲ್ಲಿಗೆ ತಂತಿಯಿಂದ ಕಟ್ಟಿ ನಿಲ್ಲಿಸಿದರು. ಒಂದು ಹಲ್ಲು ಉಳಿಯಿತು. ಇನ್ನೊಂದು ಉಳಿಯಲಿಲ್ಲ.

ರಬ್ಬರ್ ಮೇಲೆ ಹೋದದ್ದು ಹೇಗೆ? ಮನೆಯಲ್ಲಿ ಒಂದು ಮೂಲಂಗಿ ತೆಗೆದುಕೊಳ್ಳಿ. ದಪ್ಪ ಇರುವ ಕಡೆ ರಬ್ಬರ್ ಹಾಕಿ. ಸ್ವಲ್ಪ ಅಲುಗಾಡಿಸಿ. ರಬ್ಬರ್ ಮೆಲ್ಲ ಮೆಲ್ಲ ಚೂಪಾದ ತುದಿಯ ಕಡೆಗೆ ಜಾರುತ್ತದೆ. ಹಲ್ಲೂ ಹಾಗೆಯೇ. ಹೊರಗೆ ಕಾಣುವ ಭಾಗ ಅಗಲ. ವಸಡಿನ ಒಳಗೆ ಬೇರು ಸಪೂರ. ರಬ್ಬರ್ ಜಾರಿ ಒಳಗೆ ಹೋಗುತ್ತದೆ. ಹೋಗುವಾಗ ಹಲ್ಲನ್ನು ಹಿಡಿದ ನಾರು, ಎಲುಬು ಎಲ್ಲ ಹಾಳು ಮಾಡುತ್ತದೆ. ಹೊರಗಿನಿಂದ ಎಂತ ಸಹ ಕಾಣುವುದಿಲ್ಲ.

ಇನ್ನೂ ಬೇಸರದ ಸಂಗತಿ ಒಂದುಂಟು. ಏಳೆಂಟು ವರ್ಷಕ್ಕೆ ಮುಂದಿನ ದೊಡ್ಡ ಹಲ್ಲು ಬರುತ್ತದೆ. ಆಗ ಬಹಳ ಮಕ್ಕಳಿಗೆ ನಡುವೆ ಸಂದು ಇರುತ್ತದೆ. ಹನ್ನೊಂದು ಹನ್ನೆರಡು ವರ್ಷಕ್ಕೆ ಕೋರೆ ಹಲ್ಲು ಇಳಿಯುತ್ತದೆ. ಅದು ಇಳಿಯುವಾಗ ಅಕ್ಕಪಕ್ಕದ ಹಲ್ಲುಗಳನ್ನು ಒತ್ತಿ ಎಷ್ಟೋ ಸಂದುಗಳು ತಾನಾಗಿ ಮುಚ್ಚಿಹೋಗುತ್ತವೆ. ಆ ಹುಡುಗಿಗೂ ಮುಚ್ಚಬಹುದಿತ್ತು. ಮುಚ್ಚದೆ ಹಾಗೇ ಉಳಿದರೂ, ಸಂದು ಇದ್ದ ಹಲ್ಲು ಅನ್ನ ಜಗಿಯುವುದಿಲ್ಲವಾ?

ಈಗ ಆ ಅಕ್ಕನ ಪ್ರಶ್ನೆಗೆ ಬರುವ. ಡಾಕ್ಟರು ಸಹ ರಬ್ಬರ್ ಹಾಕುತ್ತಾರಲ್ಲ? ಅದು ಹಲ್ಲು ಹಾಳು ಮಾಡುವುದಿಲ್ಲವಾ?

ಡಾಕ್ಟರು ರಬ್ಬರನ್ನು ಬರಿ ಹಲ್ಲಿಗೆ ಸುತ್ತುವುದಿಲ್ಲ. ಮೊದಲು ಪ್ರತಿ ಹಲ್ಲಿನ ಮೇಲೆ ಒಂದು ಸಣ್ಣ ಲೋಹದ ತುಂಡು ಅಂಟಿಸುತ್ತಾರೆ. ಅದಕ್ಕೆ ತಂತಿ ಹಾಕುತ್ತಾರೆ. ಕೆಲವು ತುಂಡಿಗೆ ಸಣ್ಣ ಕೊಕ್ಕೆ ಇರುತ್ತದೆ. ರಬ್ಬರ್ ಸಿಕ್ಕಿಸುವುದು ಆ ಕೊಕ್ಕೆಗೆ. ಅದು ಕೊಕ್ಕೆಯಲ್ಲೇ ಇರುತ್ತದೆ. ಜಾರಿ ವಸಡಿಗೆ ಹೋಗುವುದಿಲ್ಲ.

ತಂತಿಯ ಕೆಲಸ ಬೇರೆ, ರಬ್ಬರಿನ ಕೆಲಸ ಬೇರೆ. ತಂತಿ ಅಡ್ಡಾದಿಡ್ಡಿ ಹಲ್ಲನ್ನು ಸಾಲಿಗೆ ತರುತ್ತದೆ. ಆದರೆ ಮೇಲಿನ ಸಾಲು ಮುಂದೆ, ಕೆಳಗಿನ ಸಾಲು ಹಿಂದೆ ಇದ್ದರೆ? ಪೆಟ್ಟಿಗೆಯ ಮುಚ್ಚಳ ಸರಿಯಾಗಿ ಕೂರದ ಹಾಗೆ. ಆಗ ಮೇಲಿನ ಕೋರೆ ಹಲ್ಲಿನಿಂದ ಕೆಳಗಿನ ದವಡೆ ಹಲ್ಲಿಗೆ ರಬ್ಬರ್ ಹಾಕುತ್ತಾರೆ. ಅದು ಮೇಲಿನದನ್ನು ಹಿಂದಕ್ಕೆ, ಕೆಳಗಿನದನ್ನು ಮುಂದಕ್ಕೆ ಎಳೆಯುತ್ತದೆ. ಕೆಳಗಿನ ಸಾಲೇ ಮುಂದೆ ಇದ್ದರೆ ರಬ್ಬರನ್ನು ತಿರುಗಿಸಿ ಹಾಕುತ್ತಾರೆ. ಹಾಗಾಗಿ ಅಕ್ಕನ ಮಗಳಿಗೆ ಹಾಕಿದ ಹಾಗೆ ತಂಗಿಯ ಮಗನಿಗೆ ಹಾಕಬಾರದು.

ಎಲುಬಿನಲ್ಲಿ ಕೂತ ಹಲ್ಲು ಸರಿಯುತ್ತದಾ ಅಂತ ನಿಮಗೆ ಸಂಶಯ ಬರಬಹುದು. ಹಲ್ಲು ಗೋಡೆಗೆ ಹೊಡೆದ ಮೊಳೆ ಅಲ್ಲ. ಅದರ ಸುತ್ತ ಸಣ್ಣ ನಾರುಗಳು ಉಂಟು. ಮೆಲ್ಲಗೆ ಎಳೆದರೆ ಒತ್ತಡ ಬಿದ್ದ ಕಡೆ ಎಲುಬು ಕರಗುತ್ತದೆ. ಬಿಟ್ಟ ಜಾಗದಲ್ಲಿ ಹೊಸ ಎಲುಬು ಹುಟ್ಟುತ್ತದೆ. ಹೀಗೆ ಹಲ್ಲು ತಿಂಗಳಿಗೆ ಸುಮಾರು 1 ಮಿಲಿಮೀಟರ್ ಸರಿಯುತ್ತದೆ. ಗೊನೆಯ ಭಾರಕ್ಕೆ ವಾಲಿದ ಬಾಳೆಯನ್ನು ನಾವು ಹಗ್ಗ ಕಟ್ಟಿ ಮೆಲ್ಲ ಎಳೆಯುತ್ತೇವೆ. ಒಮ್ಮೆಲೇ ಎಳೆದರೆ ಬುಡವೇ ಏಳುತ್ತದೆ. ಇಲ್ಲಿಯೂ ಹಾಗೆಯೇ. ಬೇಗ ಆಗಲಿ ಅಂತ ಒಂದರ ಬದಲು ಎರಡು ರಬ್ಬರ್ ಹಾಕುವ ಮಕ್ಕಳಿದ್ದಾರೆ. ಹಾಕಬಾರದು. ಬೇರಿಗೇ ಪೆಟ್ಟು.

ಈ ರಬ್ಬರ್ ಬರುವುದು ಎಲ್ಲಿಂದ? ಬೆಳ್ತಂಗಡಿ ಕಡೆಯವರಿಗೆ ಹೇಳಿಕೊಡುವುದು ಬೇಡ. ನಿಮ್ಮಲ್ಲಿ ಕೆಲವರು ಬೆಳಗಿನ ಜಾವ ಎದ್ದು ರಬ್ಬರ್ ಮರ ಗೀರಿದವರು. ಗೆರಟೆಗೆ ಬಿದ್ದ ಹಾಲು ನೋಡಿದವರು. ಹಲ್ಲಿನ ರಬ್ಬರನ್ನು ಹೆಚ್ಚಾಗಿ ಮಾಡುವುದು ಇಂಥ ಮರದ ಹಾಲಿನಿಂದಲೇ. ಹಸಿ ರಬ್ಬರ್ ಸೆಕೆಗೆ ಅಂಟುತ್ತದೆ, ಚಳಿಗೆ ಗಟ್ಟಿಯಾಗುತ್ತದೆ. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಎಂಬವರು ಅದಕ್ಕೆ ಗಂಧಕ ಸೇರಿಸಿ ಬಿಸಿ ಮಾಡಿದರೆ ಹದವಾಗಿ ಎಳೆಯುತ್ತದೆ ಎಂದು ಕಂಡುಕೊಂಡರು. ಈಗ ಸಪೂರ ಕೊಳವೆ ಮಾಡಿ, ಬೆಂಡೆಕಾಯಿ ಕೊಚ್ಚಿದ ಹಾಗೆ ಕೊಚ್ಚಿ ಈ ಸಣ್ಣ ಬಳೆಗಳನ್ನು ಮಾಡುತ್ತಾರೆ.

ರಬ್ಬರ್ ಬಾಯಿಯ ಎಂಜಲಲ್ಲಿ ಬೇಗ ಸಡಿಲ ಆಗುತ್ತದೆ. ಮೊದಲ ಕೆಲವು ಗಂಟೆಯಲ್ಲೇ ಸ್ವಲ್ಪ ಬಲ ಹೋಗುತ್ತದೆ. ಹಾಗಾಗಿ ದಿನಕ್ಕೆ ಒಂದು ಸಲವಾದರೂ ಹೊಸದು ಹಾಕಬೇಕು. ಕೆಲವರಿಗೆ ಎರಡು ಮೂರು ಸಲ ಬದಲಿಸಲು ಹೇಳುತ್ತಾರೆ. "ಇನ್ನೂ ತುಂಡಾಗಲಿಲ್ಲ, ಇರಲಿ" ಅಂತ ನಾಲ್ಕು ದಿನ ಅದನ್ನೇ ಹಾಕಿಸಬೇಡಿ. ಉಳಿಸುವ ಬುದ್ಧಿ ನಮಗೆಲ್ಲ ಉಂಟು. ಇಲ್ಲಿ ಅದು ಬೇಡ. ಪೊಟ್ಟಣವನ್ನು ಬಿಸಿಲು ಬೀಳುವ ಕಿಟಕಿಯಲ್ಲಿ, ಒಲೆಯ ಹತ್ತಿರ ಇಡಬೇಡಿ.

ಡಾಕ್ಟರು ಹಗಲು ರಾತ್ರಿ ಹಾಕಲು ಹೇಳಿದರೆ ಹಗಲೂ ರಾತ್ರಿಯೂ ಹಾಕಬೇಕು. ಊಟಕ್ಕೆ, ಹಲ್ಲು ಉಜ್ಜಲು ಮಾತ್ರ ತೆಗೆಯುವುದು. ತೆಗೆದದ್ದನ್ನು ಮಕ್ಕಳು ಮರೆಯುತ್ತಾರೆ. ನಾವು ನೆನಪು ಮಾಡಬೇಕು. ಮೊದಲ ಎರಡು ಮೂರು ದಿನ ನೋವು ಇರುತ್ತದೆ. ಪಾಪ ಅಂತ ತೆಗೆದರೆ ಮತ್ತೆ ಹಾಕುವಾಗ ಮತ್ತೆ ನೋವು. ಒಂದು ದಿನ ಹಾಕಿ ಎರಡು ದಿನ ಬಿಟ್ಟರೆ ಹಲ್ಲು ಹಿಂದಕ್ಕೆ ಹೋಗುತ್ತದೆ. ಒಂದೂವರೆ ಎರಡು ವರ್ಷದ ಕೆಲಸ ಮೂರು ವರ್ಷಕ್ಕೆ ಎಳೆಯುತ್ತದೆ. ಬಸ್ಸಿನ ದುಡ್ಡೂ ಹೆಚ್ಚು.

ಆ ದಿನಗಳಲ್ಲಿ ಕುಚ್ಚಲಕ್ಕಿ ಗಂಜಿ, ನೀರುದೋಸೆ ಕೊಡಿ. ಚಕ್ಕುಲಿ, ಕಬ್ಬು, ಅಡಿಕೆ ಬೇಡವೇ ಬೇಡ. ಅಂಟಿಸಿದ ತುಂಡು ಕಿತ್ತು ಬರುತ್ತದೆ. ಹಲಸಿನ ಕಾಲದಲ್ಲಿ ಮಕ್ಕಳನ್ನು ತಡೆಯುವುದು ಕಷ್ಟ, ನಮಗೆ ಗೊತ್ತುಂಟು.

ಒಂದು ರಬ್ಬರ್ ನುಂಗಿದರೆ ಹೆದರಬೇಡಿ. ಸಾಮಾನ್ಯವಾಗಿ ಮಲದಲ್ಲಿ ಹೋಗುತ್ತದೆ. ಕೆಮ್ಮು ಬಂದು ಉಸಿರು ಕಟ್ಟಿದರೆ ಮಾತ್ರ ಕೂಡಲೇ ಆಸ್ಪತ್ರೆಗೆ ಓಡಬೇಕು. ಕೆಲವರ ಮೈಗೆ ರಬ್ಬರ್ ಹಾಲು ಆಗುವುದಿಲ್ಲ. ತುಟಿ ಬಾತುಕೊಂಡರೆ, ತುರಿಸಿದರೆ ರಬ್ಬರ್ ತೆಗೆದು ಡಾಕ್ಟರಿಗೆ ಹೇಳಿ. ಮರದ ಹಾಲು ಸೇರಿಸದ ಬೇರೆ ಬಗೆಯದು ಸಿಗುತ್ತದೆ.

ಇನ್ನು ಓದುವ ವಿಷಯ. ನಮ್ಮ ತರಗತಿಯ ಒಬ್ಬ ಅಕ್ಕ ಬೀಡಿ ಕಟ್ಟುವವರು. ಅವರ ಮಗನಿಗೆ ಹಲ್ಲಿನ ತಂತಿ ಹಾಕಿಸಿದ್ದಾರೆ. ಡಾಕ್ಟರು ಕೊಡುವ ರಬ್ಬರ್ ಪೊಟ್ಟಣದ ಮೇಲೆ ಒಂದು ಪ್ರಾಣಿಯ ಚಿತ್ರ ಇತ್ತು. ಕೆಲವು ಕಂಪೆನಿಯವರು ಹೀಗೆ ಬೇರೆ ಬೇರೆ ಅಳತೆಗೆ ಬೇರೆ ಬೇರೆ ಪ್ರಾಣಿ ಹಾಕುತ್ತಾರೆ. ಎರಡು ತಿಂಗಳ ಮೇಲೆ ಡಾಕ್ಟರು ಅಳತೆ ಬದಲಿಸಿದರು. ಹೊಸ ಪೊಟ್ಟಣ ಬಂತು. ಹಳೆಯದರಲ್ಲಿ ಇನ್ನೂ ಅರ್ಧ ಉಳಿದಿತ್ತು. ಮಗ ಹಳೆಯ ಪ್ರಾಣಿಯೇ ಚಂದ ಅಂತ ಅದನ್ನೇ ಹಾಕಿಕೊಳ್ಳುತ್ತಿದ್ದ. ಈ ಅಕ್ಕ ಎರಡು ಪೊಟ್ಟಣವನ್ನೂ ದೀಪದ ಹತ್ತಿರ ಹಿಡಿದು ಓದಿದರು. ಒಂದರಲ್ಲಿ 1/4. ಇನ್ನೊಂದರಲ್ಲಿ 3/16. ಡಾಕ್ಟರ ಚೀಟಿಯಲ್ಲಿ 3/16 ಇತ್ತು. ಹಳೆಯದನ್ನು ತೆಗೆದು ಬೀಡಿ ಸೂಪಿನ ಅಡಿಯಲ್ಲಿ ಬಚ್ಚಿಟ್ಟರು. ಮರುದಿನ ತರಗತಿಗೆ ಬಂದು ನಮಗೆ ಹೇಳುವಾಗ ಅವರ ಮುಖ ನೋಡಬೇಕಿತ್ತು.

ಆ ಅಂಕೆಯ ಅರ್ಥ ಹೀಗೆ. ಒಂದು ದೋಸೆಯನ್ನು 16 ತುಂಡು ಮಾಡಿ. ಅದರಲ್ಲಿ 3 ತುಂಡು ತೆಗೆದರೆ 3/16. ಅದೇ ದೋಸೆಯನ್ನು 4 ತುಂಡು ಮಾಡಿ 1 ತೆಗೆದರೆ 1/4. ಯಾವುದು ದೊಡ್ಡದು? 1/4 ದೊಡ್ಡದು. 16 ಎಂಬ ದೊಡ್ಡ ಅಂಕೆ ಕಂಡು ಮೋಸ ಹೋಗಬೇಡಿ. ಇಲ್ಲಿ ದೋಸೆಯ ಬದಲು ಒಂದು ಇಂಚು. ಅದು ರಬ್ಬರ್ ಬಳೆಯ ಅಗಲ. ಸಣ್ಣ ಬಳೆ ಹೆಚ್ಚು ಬಿಗಿಯಾಗಿ ಎಳೆಯುತ್ತದೆ. ಪಕ್ಕದಲ್ಲಿ 3.5 ಅಂತ ಇದ್ದರೆ ಅದು ಎಳೆಯುವ ಬಲ, ಔನ್ಸಿನಲ್ಲಿ. ನಮ್ಮ ಲೆಕ್ಕದಲ್ಲಿ ಸುಮಾರು 100 ಗ್ರಾಂ. ಒಂದು ಸಣ್ಣ ಕಾಫಿಪುಡಿ ಪೊಟ್ಟಣದ ಭಾರ. ಅಷ್ಟೇ ಸಾಕು ಹಲ್ಲು ಸರಿಯಲು.

ಎಲ್ಲ ಮಕ್ಕಳಿಗೂ ತಂತಿ ಬೇಕಾ? ಬೇಡ. ಸ್ವಲ್ಪ ಓರೆ ಇದ್ದರೆ ಆಕಾಶ ಬೀಳುವುದಿಲ್ಲ. ಆದರೆ ಮುಂದಿನ ಹಲ್ಲು ತುಂಬಾ ಉಬ್ಬಿದ್ದರೆ ಬಿದ್ದಾಗ ಬೇಗ ಮುರಿಯುತ್ತದೆ. ಜಗಿಯಲು ಕಷ್ಟ ಆದರೆ, ಕೆಳಗಿನ ಹಲ್ಲು ಮೇಲಿನ ಅಂಗಳಕ್ಕೆ ತಾಗಿದರೆ ತೋರಿಸಬೇಕು. ಹೆಣ್ಣುಮಕ್ಕಳಿಗೆ ಮಾತ್ರ ಅಲ್ಲ, ಗಂಡುಮಕ್ಕಳಿಗೂ.

ಎಲ್ಲಿಗೆ ಹೋಗುವುದು? ಪೇಟೆಯ ಕ್ಲಿನಿಕ್ಕುಗಳಲ್ಲಿ ಖರ್ಚು ಹೆಚ್ಚು. ದಂತ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಕಡಿಮೆ. ಮಣಿಪಾಲದ ದಂತ ಕಾಲೇಜು 1965ರದ್ದು. ದೇರಳಕಟ್ಟೆಯಲ್ಲಿ ಎ.ಬಿ. ಶೆಟ್ಟಿ ದಂತ ಕಾಲೇಜು 1985ರಿಂದ ಉಂಟು. ಬಂಟ್ವಾಳದವರು ಮೆಲ್ಕಾರಿನಿಂದ ಮುಡಿಪು, ಕೊಣಾಜೆ ದಾರಿಯಲ್ಲಿ ದೇರಳಕಟ್ಟೆಗೆ ಹೋಗಬಹುದು. ಧರ್ಮಸ್ಥಳ ಮಂಜುನಾಥೇಶ್ವರ ಹೆಸರಿನ ದಂತ ಕಾಲೇಜೂ ಉಂಟು. ಆದರೆ ಅದು ಇರುವುದು ಧಾರವಾಡದಲ್ಲಿ! ಬೆಳ್ತಂಗಡಿಯವರು ಧರ್ಮಸ್ಥಳದಲ್ಲಿ ಹುಡುಕಬೇಡಿ. ಆಸ್ಪತ್ರೆಯಲ್ಲಿ "ಆರ್ಥೊಡಾಂಟಿಕ್ಸ್" ಎಂಬ ಬೋರ್ಡ್ ನೋಡಿ. ಉದ್ದ ಪದ. ಬಿಡಿಸಿ ಓದಿ. ಆರ್ಥೊ. ಡಾಂಟಿಕ್ಸ್. ಒಳಗೆ ಹೋದ ಮೇಲೆ ಮೊದಲೇ ಕೇಳಿ. ಒಟ್ಟು ಎಷ್ಟು ಖರ್ಚು? ಕಂತಿನಲ್ಲಿ ಕೊಡಬಹುದಾ? ತಿಂಗಳಿಗೆ ಎಷ್ಟು ಸಲ ಬರಬೇಕು? ಕೇಳಲು ನಾಚಿಕೆ ಬೇಡ. ದುಡ್ಡು ನಿಮ್ಮದು. ಮನೆಯಲ್ಲಿ ಏನಾದರೂ ಮದ್ದು, ಉಪಾಯ ಮಾಡಿದ್ದರೆ ಅದನ್ನೂ ಹೇಳಿ. ಬೈಯುತ್ತಾರೆ ಅಂತ ಮುಚ್ಚಿಡಬೇಡಿ.

ನಾವು ಬೈದ ಆ ಹುಡುಗಿ ಈಗ ಹೈಸ್ಕೂಲಿನಲ್ಲಿ ಇದ್ದಾಳೆ. ಹೋದ ಹಲ್ಲಿನ ಜಾಗಕ್ಕೆ ತೆಗೆದು ಹಾಕುವ ಹಲ್ಲು ಮಾಡಿಸಿದ್ದಾರೆ. ಅವಳ ತಾಯಿ ಇವತ್ತು ಇಲ್ಲೇ ಹಿಂದಿನ ಸಾಲಿನಲ್ಲಿ ಕೂತಿದ್ದಾರೆ. ಈ ವಿಷಯ ಎಲ್ಲರಿಗೂ ಹೇಳಿ ಅಂದವರು ಅವರೇ.

ಬರುವ ಸೋಮವಾರ ಮನೆಯಲ್ಲಿ ಇರುವ ಮದ್ದಿನ ಪೊಟ್ಟಣ, ಚೀಟಿ ಏನಿದ್ದರೂ ತನ್ನಿ. ಅಂಕೆ ಓದುವ. ಈಗ ಏನಾದರೂ ಕೇಳುವುದಿದ್ದರೆ ಕೇಳಿ. ನಾರಾವಿ ಕಡೆಗೆ ಹೋಗುವವರು ಮೊದಲು ಕೇಳಿ, ನಿಮಗೆ ಬಸ್ಸು ಹಿಡಿಯಬೇಕು.