ಪಿತ್ತಕೋಶದ ಕಲ್ಲು ಮತ್ತು ನಮ್ಮ ಊಟದ ಹೊತ್ತು



ನಾನು ವೈದ್ಯನಲ್ಲ, ಮೂವತ್ತನಾಲ್ಕು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು. ಷಟ್ಪದಿಯೊಂದನ್ನು ಬಿಡಿಸಿ ಅರ್ಥ ಹೇಳೆಂದರೆ ಹಿಂಜರಿಯಲಾರೆ. ಆದರೆ ಇಂದು ನಾನು ಮಾತನಾಡಹೊರಟಿರುವುದು ಪಿತ್ತಕೋಶದ ಕಲ್ಲನ್ನು ಕುರಿತು. ಈ ವಿಷಯದಲ್ಲಿ ನನಗೆ ಪಾಂಡಿತ್ಯವಿಲ್ಲ; ಒಂದು ಪಶ್ಚಾತ್ತಾಪವಿದೆ. ಆ ಪಶ್ಚಾತ್ತಾಪವೇ ನನ್ನನ್ನು ಓದಲು ಹಚ್ಚಿತು, ಬಲ್ಲವರನ್ನು ಕೇಳಿ ತಿಳಿಯಲು ಹಚ್ಚಿತು.

ನನಗೆ ಎಂಟು ವರ್ಷ ಹಿರಿಯಳಾದ ಅಕ್ಕನೊಬ್ಬಳಿದ್ದಾಳೆ; ನಾಲ್ಕು ಮಕ್ಕಳ ತಾಯಿ. ಸೋಮವಾರ, ಶನಿವಾರ ಒಪ್ಪೊತ್ತು, ಏಕಾದಶಿಗೆ ನಿರಾಹಾರ, ಸಂಕಷ್ಟಿಗೆ ಚಂದ್ರೋದಯದವರೆಗೆ ಉಪವಾಸ. ಉಳಿದ ದಿನಗಳಲ್ಲಿಯೂ ಮನೆಮಂದಿಯೆಲ್ಲ ಉಂಡೆದ್ದ ಮೇಲೆಯೇ ಅವಳ ಎಲೆ. ಹಗಲು ಮೂರು ಗಂಟೆಗೊಮ್ಮೆ, ರಾತ್ರಿ ಹತ್ತೂವರೆಗೊಮ್ಮೆ. ಕೆಲವು ವರ್ಷಗಳ ಹಿಂದೆ ಅವಳಿಗೆ ಹೊಟ್ಟೆಯ ಮೇಲ್ಭಾಗದಲ್ಲಿ, ಬಲಕ್ಕೆ, ನೋವು ಕಾಣಿಸತೊಡಗಿತು. ಮದುವೆ ಮುಂಜಿಗಳಲ್ಲಿ ಹೋಳಿಗೆ, ಕರಿದ ಪದಾರ್ಥಗಳನ್ನು ಉಂಡು ಬಂದ ರಾತ್ರಿ ಅದು ಹೆಚ್ಚು. ಬೆನ್ನಿಗೆ ಹಾಯ್ದು ಬಲಭುಜದವರೆಗೂ ಏರುತ್ತಿತ್ತು; ಒಂದೆರಡು ಗಂಟೆ ಕಾಡಿ ತಾನಾಗಿಯೇ ಇಳಿಯುತ್ತಿತ್ತು. “ಏನಿಲ್ಲ ಕಣೋ, ವಾಯು,” ಎಂದು ಓಮದ ಕಷಾಯ ಕುಡಿದು ಮಲಗುತ್ತಿದ್ದಳು.

ಕೊನೆಗೆ ಸ್ಕ್ಯಾನ್ ಮಾಡಿಸಿದಾಗ ಪಿತ್ತಕೋಶದಲ್ಲಿ ಕಲ್ಲುಗಳಿರುವುದು ತಿಳಿಯಿತು. ನೋವು ಮರುಕಳಿಸುತ್ತಿರುವುದರಿಂದ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವುದು ಒಳಿತೆಂದು ವೈದ್ಯರು ಹೇಳಿದರು. ಅಕ್ಕ ನನ್ನ ಮುಖ ನೋಡಿದಳು. “ನೀನು ಓದಿದವನು, ನೀನು ಹೇಳಿದಂತಾಗಲಿ,” ಎಂದಳು. ನಾನೆಂದೆ: “ಕೊಯ್ಯುವುದೇಕೆ ಅಕ್ಕ? ಕಲ್ಲು ಕರಗಿಸಲು ನಮ್ಮಲ್ಲಿ ಬಾಳೆದಿಂಡಿಲ್ಲವೆ, ಹುರುಳಿಕಟ್ಟಿಲ್ಲವೆ?” ಓದಿದವನೆಂಬ ಮಾತಿಗೆ ನಾನು ಉಳಿಸಿದ ಮರ್ಯಾದೆ ಅಷ್ಟು.

ಆರು ತಿಂಗಳು ಬಾಳೆದಿಂಡಿನ ರಸ ನಡೆಯಿತು. ಒಂದು ರಾತ್ರಿ ನೋವಿನೊಡನೆ ನಡುಕ ಹುಟ್ಟಿಸುವ ಚಳಿಜ್ವರ ಬಂದಿತು. ಬೆಳಗಾಗಿ ನೋಡಿದರೆ ಅಕ್ಕನ ಕಣ್ಣುಗಳು ಅರಿಶಿನದಂತಾಗಿದ್ದವು. ಕಲ್ಲೊಂದು ಜಾರಿ ಪಿತ್ತನಾಳವನ್ನು ಕಟ್ಟಿ, ಒಳಗೆ ನಿಂತ ಪಿತ್ತರಸಕ್ಕೆ ಸೋಂಕು ತಗುಲಿ, ಅದು ರಕ್ತಕ್ಕೂ ಹರಡಿತ್ತು. ಬಾಯಿಯ ಮೂಲಕ ನಳಿಗೆ ಇಳಿಸಿ ಮೊದಲು ನಾಳದ ಕಲ್ಲನ್ನು ತೆಗೆದರು. ಜ್ವರವಿಳಿದ ಮೇಲೆ ಪಿತ್ತಕೋಶವನ್ನು ತೆಗೆದರು. ಆಸ್ಪತ್ರೆಯಲ್ಲಿ ಹತ್ತೊಂಬತ್ತು ದಿನ. ಅದರಲ್ಲಿ ಮೊದಲಿನ ಮೂರು ದಿನ ನಾನು ಹೊರಗಿನ ಬೆಂಚಿನ ಮೇಲೆ ಕುಳಿತು ಎಣಿಸಿದ ಗಂಟೆಗಳನ್ನು ಇಲ್ಲಿ ವಿವರಿಸಲಾರೆ.

ನನ್ನ ತಪ್ಪಿನ ಮೂಲ ಒಂದು ಶಬ್ದದಲ್ಲಿತ್ತು. ಭಾಷೆಯ ಅಧ್ಯಾಪಕನಿಗೆ ಇದಕ್ಕಿಂತ ನಾಚಿಕೆಯ ಸಂಗತಿ ಬೇರೊಂದಿಲ್ಲ. ಮೂತ್ರಪಿಂಡದಲ್ಲಾಗುವುದನ್ನೂ ಕಲ್ಲೆನ್ನುತ್ತೇವೆ, ಪಿತ್ತಕೋಶದಲ್ಲಾಗುವುದನ್ನೂ ಕಲ್ಲೆನ್ನುತ್ತೇವೆ. ಸುಶ್ರುತಸಂಹಿತೆ ನಾಲ್ಕು ಬಗೆಯ ಅಶ್ಮರಿಗಳನ್ನು ಹೇಳುತ್ತದೆ. ಅವುಗಳಲ್ಲಿ ಪಿತ್ತದಿಂದಾಗುವ ಅಶ್ಮರಿಯೂ ಒಂದು. ಆದರೆ ಆ ನಾಲ್ಕೂ ಮೂತ್ರಮಾರ್ಗದ ಕಲ್ಲುಗಳೇ. ಇಂದು ‘ಪಿತ್ತಾಶ್ಮರಿ’ ಎಂಬ ಹಳೆಯ ಹೆಸರನ್ನು ಪಿತ್ತಕೋಶದ ಕಲ್ಲಿಗೆ ಬಳಸುತ್ತಿರುವುದರಿಂದ, ಒಂದರ ಮದ್ದು ಇನ್ನೊಂದಕ್ಕೂ ಆದೀತೆಂಬ ಭ್ರಮೆ ಸುಲಭವಾಗಿ ಹುಟ್ಟುತ್ತದೆ. ಮೂತ್ರದ ಕಲ್ಲು ಬಹುಮಟ್ಟಿಗೆ ಸುಣ್ಣದಂಶದ ಲವಣಗಳಿಂದ ಆದದ್ದು. ಚೆನ್ನಾಗಿ ನೀರು ಕುಡಿದರೆ ಚಿಕ್ಕ ಕಲ್ಲು ಮೂತ್ರದೊಡನೆ ಹೊರಬೀಳುವುದುಂಟು. ಪಿತ್ತಕೋಶದ ಕಲ್ಲಿನ ದ್ರವ್ಯವೂ ಬೇರೆ, ದಾರಿಯೂ ಬೇರೆ. ಅಲ್ಲಿ ಕಲ್ಲು ಹೊರಡುವುದೇ ಅಪಾಯದ ಆರಂಭ.

ಹಾಗಾದರೆ ಈ ಕಲ್ಲು ಆಗುವುದು ಹೇಗೆ? ಯಕೃತ್ತು ದಿನವೊಂದಕ್ಕೆ ಸುಮಾರು ಅರ್ಧ ಲೀಟರಿನಿಂದ ಒಂದು ಲೀಟರಿನಷ್ಟು ಪಿತ್ತರಸವನ್ನು ತಯಾರಿಸುತ್ತದೆ. ಅದರ ಕೆಳಗೆ ಅಂಟಿಕೊಂಡಿರುವ, ಚಿಕ್ಕ ಸೀಬೆಕಾಯಿಯಾಕಾರದ ಚೀಲವೇ ಪಿತ್ತಕೋಶ. ಹಿಡಿಯುವುದು 30ರಿಂದ 50 ಮಿಲಿಲೀಟರು ಮಾತ್ರ. ಬಂದ ರಸದ ನೀರನ್ನು ಹೀರಿ, ಅದನ್ನು ಗಟ್ಟಿಮಾಡಿ ಕಾದಿಡುವುದು ಅದರ ಕೆಲಸ. ನಾವು ಜಿಡ್ಡಿನ ಅಂಶವುಳ್ಳ ಆಹಾರವನ್ನು ಉಂಡಾಗ ಸಣ್ಣ ಕರುಳಿನಿಂದ ಒಂದು ರಸದೂತ ಹೊರಡುತ್ತದೆ. ಅದರ ಕರೆಗೆ ಓಗೊಟ್ಟು ಪಿತ್ತಕೋಶ ಕುಗ್ಗಿ, ರಸವನ್ನು ಕರುಳಿಗೆ ಸುರಿಸುತ್ತದೆ. ಈ ರಸದೂತವನ್ನು ಐವಿ ಮತ್ತು ಓಲ್ಡ್‌ಬರ್ಗ್ ಎಂಬ ವಿಜ್ಞಾನಿಗಳು 1928ರಲ್ಲಿ ಪ್ರಕಟಪಡಿಸಿದರು.

ಪಿತ್ತರಸದಲ್ಲಿ ಕೊಲೆಸ್ಟರಾಲ್ ಇದೆ. ಅದನ್ನು ಕರಗಿಸಿಟ್ಟುಕೊಳ್ಳುವ ಪಿತ್ತಲವಣಗಳೂ ಇವೆ. ಇವೆರಡರ ಸಮತೋಲ ಕೆಟ್ಟು ಕೊಲೆಸ್ಟರಾಲ್ ಮಿತಿಮೀರಿದರೆ, ಪಾಕ ಹೆಚ್ಚಾದಾಗ ಸಕ್ಕರೆ ಹರಳುಗಟ್ಟುವಂತೆ ಅದು ಹರಳಾಗುತ್ತದೆ. ಚೀಲ ಆಗಾಗ ಬರಿದಾಗುತ್ತಿದ್ದರೆ ಹರಳುಗಳು ಕೊಚ್ಚಿಹೋಗುತ್ತವೆ. ಬರಿದಾಗದಿದ್ದರೆ ತಳದಲ್ಲಿ ನಿಂತು ಕಲ್ಲಾಗುತ್ತವೆ. ಕೊಲೆಸ್ಟರಾಲಿನದಲ್ಲದೆ ಪಿತ್ತದ ಬಣ್ಣದ ಅಂಶದಿಂದ ಆಗುವ ಕಪ್ಪು, ಕಂದು ಕಲ್ಲುಗಳೂ ಉಂಟು. ರಕ್ತಕಣಗಳು ಅತಿಯಾಗಿ ನಾಶವಾಗುವ ರೋಗಗಳಲ್ಲಿ, ನಾಳದ ಸೋಂಕಿನಲ್ಲಿ ಇವು ಹುಟ್ಟುತ್ತವೆ. ನಮ್ಮ ದೇಶದಲ್ಲಿ ಉತ್ತರದವರಲ್ಲಿ ಈ ರೋಗ ಹೆಚ್ಚು, ದಕ್ಷಿಣದವರಲ್ಲಿ ಕಡಿಮೆ. ಆದರೆ ಬಣ್ಣದ ಕಲ್ಲುಗಳ ಪಾಲು ದಕ್ಷಿಣದಲ್ಲಿ ಹೆಚ್ಚು. ಊಟದ ಶಿಸ್ತು ತಡೆಯಬಲ್ಲದ್ದು ಮುಖ್ಯವಾಗಿ ಕೊಲೆಸ್ಟರಾಲಿನ ಕಲ್ಲನ್ನು. ಆದ್ದರಿಂದ ಪಥ್ಯದಿಂದ ಎಲ್ಲವೂ ಸಾಧ್ಯವೆಂದು ನಾನು ಹೇಳಲಾರೆ.

ಯಾರಿಗೆ ಇದರ ಸಂಭವ ಹೆಚ್ಚು? ಹೆಂಗಸರಿಗೆ, ಅದರಲ್ಲಿಯೂ ಹಲವು ಬಾರಿ ಗರ್ಭಿಣಿಯರಾದವರಿಗೆ, ನಲವತ್ತು ದಾಟಿದವರಿಗೆ, ಮೈ ಬಂದವರಿಗೆ, ಸಕ್ಕರೆ ಕಾಯಿಲೆಯವರಿಗೆ, ತಂದೆತಾಯಿ, ಒಡಹುಟ್ಟಿದವರಲ್ಲಿ ಇದ್ದವರಿಗೆ. ವಯಸ್ಸನ್ನೂ ವಂಶವನ್ನೂ ನಾವು ಬದಲಿಸಲಾರೆವು. ಬದಲಿಸಬಹುದಾದವು ತೂಕ, ತಿನಿಸು, ತಿರುಗಾಟ ಮತ್ತು ಹೊತ್ತು.

ಮೊದಲು ಹೊತ್ತಿನ ಮಾತು. ದೀರ್ಘಕಾಲ ಹೊಟ್ಟೆ ಬರಿದಾಗಿದ್ದರೆ ಪಿತ್ತಕೋಶ ತುಂಬಿಯೇ ಇರುತ್ತದೆ. ಒಳಗಿನ ರಸ ಗಟ್ಟಿಯಾಗುತ್ತ ಹೋಗುತ್ತದೆ. ವ್ರತನಿಯಮಗಳನ್ನು ನಾನು ಹಳಿಯುತ್ತಿಲ್ಲ. ತಿಂಗಳಿಗೆರಡು ಏಕಾದಶಿಯಿಂದ ಲೋಕ ಮುಳುಗುವುದಿಲ್ಲ. ಆದರೆ ವಾರದಲ್ಲಿ ಮೂರು ದಿನ ಉಪವಾಸ, ಉಳಿದ ನಾಲ್ಕು ದಿನ ಅಪರಾಹ್ನದ ಊಟ, ಇದು ವರ್ಷಗಟ್ಟಲೆ ನಡೆದರೆ ಪಿತ್ತಕೋಶಕ್ಕೆ ಬರಿದಾಗುವ ಅವಕಾಶವೇ ಕಡಿಮೆಯಾಗುತ್ತದೆ. ಅಕ್ಕನಿಗೆ ಕಲ್ಲಾದದ್ದು ಇದೊಂದರಿಂದಲೇ ಎಂದು ಹೇಳುವಂತಿಲ್ಲ; ಇದೂ ಒಂದು ಎಳೆಯಾಗಿರಬಹುದು. ನಮ್ಮ ಮನೆಗಳಲ್ಲಿ ಕಡೆಗೆ ಉಣ್ಣುವವರು ಯಾರು, ತಿಂಡಿಯನ್ನು ಬಿಟ್ಟು ಬರಿಯ ಕಾಫಿಯಲ್ಲಿ ಮಧ್ಯಾಹ್ನ ಮುಟ್ಟಿಸುವವರು ಯಾರು ಎಂಬುದನ್ನು ಪ್ರತಿಯೊಬ್ಬ ಗೃಹಸ್ಥನೂ ಯೋಚಿಸಬೇಕು. ಬೆಳಗಿನ ತಿಂಡಿ, ಮಧ್ಯಾಹ್ನದ ಊಟ, ರಾತ್ರಿಯ ಊಟ ಇವು ನಿಗದಿಯಾದ ಹೊತ್ತಿಗೆ ನಡೆಯುವುದು ಪಿತ್ತಕೋಶಕ್ಕೆ ಮಾಡುವ ಮೊದಲ ಉಪಕಾರ.

ಎರಡನೆಯದು ತೂಕ. ಬೊಜ್ಜು ಕಲ್ಲಿಗೆ ಕಾರಣ ಸರಿಯಷ್ಟೆ. ಆದರೆ ಬೊಜ್ಜನ್ನು ಅವಸರದಿಂದ ಇಳಿಸುವುದೂ ಕಾರಣವೇ. ತೂಕ ವೇಗವಾಗಿ ಇಳಿಯುವಾಗ ಮೈಯ ಕೊಬ್ಬು ಕರಗಿ, ಯಕೃತ್ತು ಹೆಚ್ಚು ಕೊಲೆಸ್ಟರಾಲನ್ನು ಪಿತ್ತರಸಕ್ಕೆ ಸೇರಿಸುತ್ತದೆ. ಅರೆಹೊಟ್ಟೆಯಾದ್ದರಿಂದ ಚೀಲ ಬರಿದಾಗುವುದೂ ಇಲ್ಲ. ವಾರಕ್ಕೆ ಒಂದೂವರೆ ಕಿಲೋಗಿಂತ ಹೆಚ್ಚು ಇಳಿಸುವವರಿಗೆ ಅಪಾಯ ಹೆಚ್ಚು. ಅರ್ಧದಿಂದ ಒಂದು ಕಿಲೋ ಇಳಿದರೆ ಸಾಕು. ಮಗಳ ಮದುವೆಗೆ ಮುಂಚೆ ಸಣ್ಣಗಾಗಬೇಕೆಂದು ಬರೀ ಸೌತೆಕಾಯಿ ತಿಂದು ಬದುಕುವವರು ಇದನ್ನು ನೆನಪಿಡಬೇಕು. ದಿನಕ್ಕೆ ಅರ್ಧ ಗಂಟೆಯ ಚುರುಕಾದ ನಡಿಗೆ, ನಿಧಾನದ ಇಳಿತ, ಇವೇ ಸರಿಯಾದ ದಾರಿ.

ಮೂರನೆಯದು ತಿನಿಸು. ಪಿತ್ತಕೋಶದ ಹೆಸರೆತ್ತಿದೊಡನೆ ಎಣ್ಣೆತುಪ್ಪಗಳನ್ನು ಪೂರ್ತಿ ಬಿಟ್ಟುಬಿಡುವವರಿದ್ದಾರೆ. ಆದರೆ ಊಟದಲ್ಲಿ ಜಿಡ್ಡೇ ಇಲ್ಲದಿದ್ದರೆ ಪಿತ್ತಕೋಶಕ್ಕೆ ಕರೆ ಹೋಗುವುದೇ ಇಲ್ಲ. ಅದು ಕುಗ್ಗುವುದೂ ಇಲ್ಲ. ಕಲ್ಲಿಲ್ಲದವರಿಗೆ ಒಗ್ಗರಣೆಯ ಎಣ್ಣೆ, ಅನ್ನಕ್ಕೊಂದು ಚಮಚ ತುಪ್ಪ ಶತ್ರುಗಳಲ್ಲ. ಶತ್ರುಗಳು ಬೋಂಡ ಪೂರಿಗಳ ನಿತ್ಯಸಂಗ, ವನಸ್ಪತಿಯಲ್ಲಿ ಕರಿದ ತಿಂಡಿ, ಮೈದಾ, ಅತಿಯಾದ ಸಕ್ಕರೆ. ಮಿತ್ರರು ರಾಗಿಮುದ್ದೆ, ಜೋಳದ ರೊಟ್ಟಿ, ಮೊಳಕೆಕಾಳು, ಸೊಪ್ಪಿನ ಹುಳಿ, ಹೆಸರುಬೇಳೆಯ ಕೋಸಂಬರಿ, ಹಣ್ಣು. ನಾರಿನಂಶ ಹೆಚ್ಚಾಗಿ, ಸಕ್ಕರೆ ಕಡಿಮೆಯಾಗಿ ಉಣ್ಣುವವರಲ್ಲಿಯೂ, ಕಡಲೆಕಾಯಿ ಬಾದಾಮಿಗಳನ್ನು ಹಿತಮಿತವಾಗಿ ತಿನ್ನುವವರಲ್ಲಿಯೂ ಈ ರೋಗ ಕಡಿಮೆಯೆಂದು ಕಂಡುಬಂದಿದೆ. ಕಾಫಿ ಕುಡಿಯುವವರಲ್ಲಿಯೂ ತುಸು ಕಡಿಮೆಯಂತೆ! ಕಾಫಿಯ ನಾಡಿನವರಿಗೆ ಸಂತೋಷದ ಸುದ್ದಿಯೇ. ಆದರೆ ಇದನ್ನು ಔಷಧಿಯೆಂದು ತಿಳಿದು ದಿನಕ್ಕೆ ಆರು ಲೋಟ ಸಕ್ಕರೆ ಕಾಫಿ ಕುಡಿಯಬೇಡಿ. ಈಗಾಗಲೇ ಕಲ್ಲಿದ್ದು ನೋವು ಬರುತ್ತಿರುವವರ ನಿಯಮವಂತೂ ಬೇರೆ: ಅವರು ಒಮ್ಮೆಲೇ ಹೊಟ್ಟೆ ಬಿರಿಯುವಂತೆ ಉಣ್ಣದೆ ಸ್ವಲ್ಪ ಸ್ವಲ್ಪವಾಗಿ ಉಂಡು, ಜಿಡ್ಡನ್ನೂ ಕರಿದದ್ದನ್ನೂ ಕಡಿಮೆ ಮಾಡಿದರೆ ನೋವಿನ ಸರದಿ ಕಡಿಮೆಯಾದೀತು. ಕಲ್ಲು ಮಾತ್ರ ಇದ್ದಲ್ಲಿಯೇ ಇರುತ್ತದೆ.

ಈ ಮಾತನ್ನು ನಾನು ಒತ್ತಿ ಹೇಳಬೇಕು. ಆಗಿಹೋದ ಕಲ್ಲನ್ನು ಯಾವ ಪಥ್ಯವೂ, ಯಾವ ರಸವೂ ಕರಗಿಸದು. ಆಲಿವ್ ಎಣ್ಣೆಯೊಡನೆ ನಿಂಬೆರಸ ಕುಡಿದರೆ ಕಲ್ಲುಗಳು ಮಲದಲ್ಲಿ ಹಸಿರು ಗುಂಡುಗಳಾಗಿ ಹೊರಬರುತ್ತವೆ ಎಂಬ ಪ್ರಚಾರವೊಂದುಂಟು. ಅಂಥ ಗುಂಡುಗಳನ್ನು ಪರೀಕ್ಷಿಸಿದ ವರದಿಯೊಂದು 2005ರಲ್ಲಿ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯಲ್ಲಿ ಬಂದಿತು. ಅವುಗಳಲ್ಲಿ ಕೊಲೆಸ್ಟರಾಲೂ ಇರಲಿಲ್ಲ, ಪಿತ್ತದ ಬಣ್ಣವೂ ಇರಲಿಲ್ಲ. ಕುಡಿದ ಎಣ್ಣೆಯೇ ಹೊಟ್ಟೆಯಲ್ಲಿ ಸಾಬೂನಿನಂತೆ ಗಟ್ಟಿಯಾಗಿ ಹೊರಬಂದಿತ್ತು. ಚಿಕ್ಕದಾದ ಕೊಲೆಸ್ಟರಾಲ್ ಕಲ್ಲನ್ನು ನಿಧಾನವಾಗಿ ಕರಗಿಸುವ ಮಾತ್ರೆಯೊಂದು ವೈದ್ಯರಲ್ಲಿದೆ. ಆದರೆ ಅದು ಕೆಲವರಿಗಷ್ಟೇ ಒಗ್ಗುತ್ತದೆ, ತಿಂಗಳುಗಟ್ಟಲೆ ನುಂಗಬೇಕು, ಬಿಟ್ಟ ಮೇಲೆ ಕಲ್ಲು ಮರಳುವುದೂ ಸಾಮಾನ್ಯ.

ಹಾಗೆಂದು ಕಲ್ಲಿದ್ದವರೆಲ್ಲ ಕೂಡಲೆ ಶಸ್ತ್ರಚಿಕಿತ್ಸೆಗೆ ಓಡಬೇಕಾಗಿಲ್ಲ. ಕಲ್ಲಿದ್ದವರಲ್ಲಿ ಬಹುಪಾಲು ಜನಕ್ಕೆ ಅದು ಇದೆಯೆಂಬುದೇ ತಿಳಿಯದು; ಬೇರೇತಕ್ಕೋ ಸ್ಕ್ಯಾನ್ ಮಾಡಿಸಿದಾಗ ಕಾಣಿಸಿಕೊಳ್ಳುತ್ತದೆ. ಅಂಥ ಮೌನದ ಕಲ್ಲನ್ನು ಸಾಮಾನ್ಯವಾಗಿ ಅದರ ಪಾಡಿಗೆ ಬಿಡುವುದೇ ಪದ್ಧತಿ. ಮಾತನಾಡತೊಡಗಿದ ಕಲ್ಲನ್ನು ಮಾತ್ರ ಕಡೆಗಣಿಸಬಾರದು. ಪಿತ್ತಕೋಶವನ್ನು ಮೊದಲಬಾರಿಗೆ ತೆಗೆದವನು ಬರ್ಲಿನ್ನಿನ ಕಾರ್ಲ್ ಲಾಂಗೆನ್‌ಬುಖ್, 1882ರಲ್ಲಿ. ಹೊಟ್ಟೆಯನ್ನು ಉದ್ದಕ್ಕೆ ಸೀಳದೆ, ಸಣ್ಣ ರಂಧ್ರಗಳ ಮೂಲಕ ತೆಗೆಯುವ ವಿಧಾನವನ್ನು ಜರ್ಮನಿಯ ಎರಿಖ್ ಮ್ಯೂ 1985ರಲ್ಲಿ ನಡೆಸಿ ತೋರಿಸಿದನು. ನಮ್ಮ ದೇಶದಲ್ಲಿ 1990ರಲ್ಲಿ ಮುಂಬಯಿಯ ಡಾ. ತೆಹೆಮ್ಟನ್ ಉಡ್ವಾಡಿಯಾ ಅವರು ಅದನ್ನು ಆರಂಭಿಸಿದರು. ಈಗ ಜಿಲ್ಲಾಕೇಂದ್ರಗಳಲ್ಲಿಯೂ ಇದು ನಡೆಯುತ್ತಿದೆ. ಚೀಲ ಹೋದರೆ ಜೀರ್ಣಶಕ್ತಿಯೇ ಹೋಯಿತೆಂಬ ಭಯ ಬೇಡ. ಯಕೃತ್ತಿನಿಂದ ಪಿತ್ತರಸ ನೇರವಾಗಿ ಕರುಳಿಗೆ ಹರಿಯುತ್ತದೆ. ಕೆಲವರಿಗೆ ಕೆಲಕಾಲ ಮಲ ಸಡಿಲವಾದರೂ ಬಹುಮಂದಿ ಮೊದಲಿನಂತೆಯೇ ಉಣ್ಣುತ್ತಾರೆ.

ಕೊನೆಯದಾಗಿ, ಎಚ್ಚರಿಕೆಯ ನಾಲ್ಕು ಮಾತು. ಹೊಟ್ಟೆಯ ಮೇಲ್ಭಾಗದ ನೋವು ನಾಲ್ಕೈದು ಗಂಟೆಯಾದರೂ ಇಳಿಯದಿದ್ದರೆ, ಚಳಿಜ್ವರ ಜೊತೆಗೂಡಿದರೆ, ಕಣ್ಣು ಹಳದಿಯಾಗಿ ಮೂತ್ರ ಕಪ್ಪಿಟ್ಟು ಮಲ ಬಿಳಿಚಿದರೆ, ವಾಂತಿ ನಿಲ್ಲದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅದು ಕಲ್ಲಿನಿಂದಾದ ಕಾಮಾಲೆಯಾಗಿದ್ದರೆ ನಾಟಿ ಔಷಧಿಗೆ ಬಗ್ಗುವುದಿಲ್ಲ. ಮೇದೋಜೀರಕ ಗ್ರಂಥಿ ಊದಿಕೊಂಡರೆ ಪ್ರಾಣಕ್ಕೇ ಅಪಾಯ. ಹೃದಯಾಘಾತದ ನೋವೂ ಕೆಲವೊಮ್ಮೆ ಹೊಟ್ಟೆಯ ಮೇಲ್ಭಾಗದಲ್ಲಿಯೇ ತೋರಬಹುದು. ‘ವಾಯು’ ಎಂಬುದು ಬಹಳ ಉದಾರವಾದ ಶಬ್ದ. ಅದು ಎಲ್ಲ ನೋವುಗಳಿಗೂ ಆಶ್ರಯ ಕೊಡುತ್ತದೆ.

ಅಕ್ಕ ಈಗ ಆರೋಗ್ಯವಾಗಿದ್ದಾಳೆ. ಏಕಾದಶಿಯನ್ನು ಬಿಟ್ಟಿಲ್ಲ, ಉಳಿದ ಉಪವಾಸಗಳನ್ನು ದೇವರಿಗೆ ಒಪ್ಪಿಸಿ ಕೈಮುಗಿದಿದ್ದಾಳೆ. ಮೊನ್ನೆ ಹೋಗಿದ್ದಾಗ ಎಂಟು ಗಂಟೆಗೆ ಸೊಸೆ ಎಲ್ಲರ ತಟ್ಟೆಗಳನ್ನೂ ಒಟ್ಟಿಗೆ ಹಾಕಿದಳು. ಅವಲಕ್ಕಿ ತಿನ್ನುತ್ತ ಅಕ್ಕ ನನ್ನನ್ನು ಕೇಳಿದಳು: “ಬಾಳೆದಿಂಡು ತಂದಿಲ್ಲವೇನೋ?” ಮನೆಯವರೆಲ್ಲ ನಕ್ಕರು, ನಾನೂ ನಕ್ಕೆ. ಆದರೆ ಆ ಬೆಂಚು ನನಗಿನ್ನೂ ಮರೆತಿಲ್ಲ. ನಿಮ್ಮ ಮನೆಯಲ್ಲಿ ಕಡೆಗೆ ಉಣ್ಣುವವರನ್ನು ಇಂದು ರಾತ್ರಿ ನಿಮ್ಮೊಡನೆ ಕೂರಿಸಿಕೊಳ್ಳಿ. ಅವರು ಯಾವುದಾದರೂ ನೋವನ್ನು ಹೇಳದೆ ನುಂಗುತ್ತಿದ್ದಾರೆಯೇ ಎಂದು ಕೇಳಿ.