ಬರೆದದ್ದು ಯಾರ ಕೈ ಸೇರಬೇಕು? ಸಂಶೋಧನೆ ಮತ್ತು ಮುಕ್ತ ಪರವಾನಗಿ

(ಟ್ರಸ್ಟಿನ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ನಿವೃತ್ತ ಹೈಸ್ಕೂಲು ಶಿಕ್ಷಕರೊಬ್ಬರು ಮಾಡಿದ ಭಾಷಣ)

 



ಮೊದಲೆಲ್ಲ ನಮ್ಮ ಸಹಾಯ ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳ ಫೀಸು, ಪುಸ್ತಕಕ್ಕೆ ಹೋಗುತ್ತಿತ್ತು. ಈಗ ಎಂ.ಎಸ್ಸಿ., ಪಿಎಚ್.ಡಿ. ಮಾಡುವ ಮಕ್ಕಳೂ ಈ ಪಟ್ಟಿಯಲ್ಲಿದ್ದಾರೆ. ಇದು ಸಂತೋಷದ ಸಂಗತಿ. ಇವರು ಬೇರೆಯವರು ಬರೆದದ್ದನ್ನು ಓದುವುದಷ್ಟೇ ಅಲ್ಲ, ತಾವೇ ಬರೆಯುವ ಹಂತಕ್ಕೆ ಬಂದಿದ್ದಾರೆ. ಹಾಗೆ ಬರೆದದ್ದನ್ನು ಪ್ರಕಟಿಸುವ ಹೊತ್ತಿಗೆ ಒಂದು ಫಾರಂ ಎದುರಿಗೆ ಬರುತ್ತದೆ. ಅದರಲ್ಲಿ "ಯಾವ ಲೈಸೆನ್ಸ್ ಬೇಕು?" ಎಂಬ ಒಂದು ಸಾಲು ಇರುತ್ತದೆ. ಹೆಚ್ಚಿನವರು ಓದದೆ ಯಾವುದೋ ಒಂದಕ್ಕೆ ಗುರುತು ಹಾಕಿ ಮುಂದೆ ಹೋಗುತ್ತಾರೆ. ನಿಮ್ಮ ಮೂರು ನಾಲ್ಕು ವರ್ಷದ ಶ್ರಮ ಯಾರ ಕೈ ಸೇರುತ್ತದೆ, ಯಾರಿಗೆ ಸಿಗದೆ ಹೋಗುತ್ತದೆ ಎಂಬುದು ಆ ಗುರುತಿನಿಂದ ನಿರ್ಧಾರವಾಗುತ್ತದೆ. ಇವತ್ತು ಅದೊಂದರ ಬಗ್ಗೆ ಮಾತ್ರ ಮಾತಾಡುತ್ತೇನೆ.

ಮೊದಲು ಕಾಯ್ದೆ ಏನು ಹೇಳುತ್ತದೆ ನೋಡೋಣ. ನಮ್ಮ ದೇಶದಲ್ಲಿ 1957ರ ಕೃತಿಸ್ವಾಮ್ಯ ಕಾಯ್ದೆ ಇದೆ. ವಿದ್ಯಾರ್ಥಿಯಾಗಿ ನೀವು ಸ್ವಂತವಾಗಿ ಒಂದು ಲೇಖನ ಬರೆದರೆ ಅದರ ಹಕ್ಕು ತಾನಾಗಿಯೇ ನಿಮ್ಮದಾಗುತ್ತದೆ. ಎಲ್ಲೂ ನೋಂದಣಿ ಮಾಡಿಸಬೇಕಾಗಿಲ್ಲ, ಶುಲ್ಕ ಕಟ್ಟಬೇಕಾಗಿಲ್ಲ. ಆ ಹಕ್ಕು ನಿಮ್ಮ ಜೀವಮಾನವಿಡೀ ಇರುತ್ತದೆ, ಆಮೇಲೂ 60 ವರ್ಷ ಇರುತ್ತದೆ. ಅಷ್ಟು ಕಾಲ ನಿಮ್ಮ ಒಪ್ಪಿಗೆ ಇಲ್ಲದೆ ಬೇರೆಯವರು ಅದನ್ನು ಅಚ್ಚು ಹಾಕಿಸುವಂತಿಲ್ಲ, ಅನುವಾದಿಸಿ ಪ್ರಕಟಿಸುವಂತಿಲ್ಲ.

ಹಲವು ಪತ್ರಿಕೆಗಳು ಲೇಖನ ಒಪ್ಪಿಕೊಂಡ ಮೇಲೆ ಹಕ್ಕು ವರ್ಗಾವಣೆ ಪತ್ರವೊಂದನ್ನು ಕಳಿಸುತ್ತವೆ. ತಂದೆ ತಾಯಂದಿರಿಗೆ ಗೊತ್ತಾಗುವ ಹಾಗೆ ಹೇಳುವುದಾದರೆ ಅದು ಮನೆಯ ಕ್ರಯಪತ್ರವಿದ್ದ ಹಾಗೆ. ಸಹಿ ಹಾಕಿದ ಮೇಲೆ ಮನೆ ನಿಮ್ಮದಲ್ಲ. ನಿಮ್ಮ ಲೇಖನವನ್ನೇ ನೀವು ಇನ್ನೊಂದು ಪುಸ್ತಕದಲ್ಲಿ ಸೇರಿಸಬೇಕಾದರೆ ಪ್ರಕಾಶಕರನ್ನು ಕೇಳಬೇಕಾಗಬಹುದು. ಹೀಗೆ ಹಕ್ಕು ಬಿಟ್ಟುಕೊಡಲು ಬರವಣಿಗೆಯಲ್ಲಿ ನಿಮ್ಮ ಸಹಿ ಬೇಕೇ ಬೇಕು ಎಂದು ಕಾಯ್ದೆ ಹೇಳುತ್ತದೆ. ಆದ್ದರಿಂದ ಸಹಿ ಹಾಕುವ ಮುನ್ನ ಓದಿ ಎನ್ನುವುದು ಬರೀ ಮೇಷ್ಟ್ರ ಉಪದೇಶವಲ್ಲ.

ಪರವಾನಗಿ ಹಾಗಲ್ಲ. ಜಮೀನು ನಿಮ್ಮ ಹೆಸರಲ್ಲೇ ಇರುತ್ತದೆ, ಪಹಣಿ ಬದಲಾಗುವುದಿಲ್ಲ. "ಊರಿನವರು ಈ ದಾರಿಯಲ್ಲಿ ಓಡಾಡಬಹುದು, ಇಂಥಿಂಥ ಷರತ್ತು ಪಾಲಿಸಬೇಕು" ಎಂದು ನೀವೇ ಬರೆದು ಬೋರ್ಡು ನೆಟ್ಟ ಹಾಗೆ. ಎಲ್ಲರಿಗೂ ಕೊಡುವ ಇಂಥ ಅನುಮತಿಯನ್ನು ಮುಕ್ತ ಪರವಾನಗಿ ಎನ್ನುತ್ತೇವೆ.

ಇಲ್ಲಿ ಒಂದು ವ್ಯತ್ಯಾಸ ಗಮನಿಸಿ. ಇಂಟರ್‌ನೆಟ್ಟಿನಲ್ಲಿ ಉಚಿತವಾಗಿ ಓದಲು ಸಿಗುತ್ತದೆ ಎಂದ ಮಾತ್ರಕ್ಕೆ ಅದನ್ನು ನಕಲು ತೆಗೆದು ಹಂಚಲು, ಅನುವಾದಿಸಲು ಅನುಮತಿ ಸಿಕ್ಕಿತು ಎಂದಲ್ಲ. ಅನುಮತಿ ಸ್ಪಷ್ಟವಾಗಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯ ಮೊಕದ್ದಮೆಯೇ ಸಾಕ್ಷಿ. ಪಠ್ಯಕ್ಕೆ ಬೇಕಾದ ಪುಟಗಳನ್ನು ಜೆರಾಕ್ಸ್ ಮಾಡಿ ವಿದ್ಯಾರ್ಥಿಗಳಿಗೆ ಕೊಟ್ಟದ್ದಕ್ಕೆ ದೊಡ್ಡ ಪ್ರಕಾಶಕರು 2012ರಲ್ಲಿ ಕೋರ್ಟಿಗೆ ಹೋದರು. 2016ರಲ್ಲಿ ದೆಹಲಿ ಹೈಕೋರ್ಟು, ಬೋಧನೆಗಾಗಿ ಹಾಗೆ ಮಾಡುವುದಕ್ಕೆ ಕಾಯ್ದೆಯಲ್ಲೇ ಅವಕಾಶವಿದೆ ಎಂದಿತು. 2017ರಲ್ಲಿ ಪ್ರಕಾಶಕರು ಮೊಕದ್ದಮೆ ಕೈಬಿಟ್ಟರು. ತೀರ್ಪು ವಿದ್ಯಾರ್ಥಿಗಳ ಪರ ಬಂತು ನಿಜ, ಆದರೆ ಅದಕ್ಕೆ ವರ್ಷಗಳು ಹಿಡಿದವು. ಬರೆದವರೇ ಮೊದಲು ಅನುಮತಿ ಬರೆದಿಟ್ಟಿದ್ದರೆ ಇಂಥ ಪ್ರಶ್ನೆ ಏಳುವುದಿಲ್ಲ.

ಈ ಅನುಮತಿಯನ್ನು ಪ್ರತಿಯೊಬ್ಬರೂ ವಕೀಲರ ಹತ್ತಿರ ಬರೆಸಬೇಕಾಗಿಲ್ಲ. 2001ರಲ್ಲಿ ಅಮೆರಿಕದಲ್ಲಿ ಕ್ರಿಯೇಟಿವ್ ಕಾಮನ್ಸ್ ಎಂಬ ಲಾಭರಹಿತ ಸಂಸ್ಥೆ ಶುರುವಾಯಿತು. ಕಾನೂನು ಪ್ರಾಧ್ಯಾಪಕ ಲಾರೆನ್ಸ್ ಲೆಸಿಗ್ ಅದರ ಸ್ಥಾಪಕರಲ್ಲಿ ಒಬ್ಬರು. 2002ರ ಡಿಸೆಂಬರಿನಲ್ಲಿ ಅವರು ಸಿದ್ಧ ಪರವಾನಗಿಗಳನ್ನು ಹೊರತಂದರು. ಚುಟುಕಾಗಿ ಸಿಸಿ ಎನ್ನುತ್ತಾರೆ. ಈಗ ಬಳಕೆಯಲ್ಲಿರುವ 4.0 ಆವೃತ್ತಿ 2013ರದ್ದು.

ಇದರಲ್ಲಿ ನಾಲ್ಕೇ ಷರತ್ತುಗಳು. ಮೊದಲನೆಯದು "ಬೈ": ಬಳಸಿದವರು ನಿಮ್ಮ ಹೆಸರು ಹೇಳಬೇಕು. ಎರಡನೆಯದು "ಎಸ್‌ಎ": ನಿಮ್ಮ ಬರಹವನ್ನು ಬದಲಾಯಿಸಿ ಅಥವಾ ಅನುವಾದಿಸಿ ಹಂಚುವವರು, ತಮ್ಮದನ್ನೂ ಅದೇ ಷರತ್ತಿನಲ್ಲಿ ಎಲ್ಲರಿಗೂ ಕೊಡಬೇಕು. ಮೂರನೆಯದು "ಎನ್‌ಸಿ": ವ್ಯಾಪಾರಕ್ಕೆ ಬಳಸಬಾರದು. ನಾಲ್ಕನೆಯದು "ಎನ್‌ಡಿ": ಇದ್ದದ್ದನ್ನು ಇದ್ದಂತೆ ಹಂಚಬಹುದು, ಬದಲಾಯಿಸಿದ್ದನ್ನು ಹಂಚಬಾರದು. ಹೆಸರು ಹೇಳುವುದು ಎಲ್ಲದರಲ್ಲೂ ಕಡ್ಡಾಯ. ಉಳಿದವನ್ನು ಬೇರೆಬೇರೆ ರೀತಿ ಕೂಡಿಸಿದರೆ ಒಟ್ಟು ಆರು ಪರವಾನಗಿಗಳಾಗುತ್ತವೆ.

ಆರರಲ್ಲಿ ಯಾವುದನ್ನು ಆರಿಸಬೇಕು? ಒಂದು ಉದಾಹರಣೆ ಇಟ್ಟುಕೊಳ್ಳೋಣ. ನಮ್ಮ ಹುಡುಗಿಯೊಬ್ಬಳು ರಾಮನಗರ, ಶಿಡ್ಲಘಟ್ಟದ ಕಡೆ ರೇಷ್ಮೆ ನೂಲು ತೆಗೆಯುವ ಹೆಂಗಸರ ಆರೋಗ್ಯದ ಮೇಲೆ ಸಂಶೋಧನೆ ಮಾಡುತ್ತಾಳೆ ಎನ್ನೋಣ. ದಿನವಿಡೀ ಬಿಸಿನೀರಿನಲ್ಲಿ ಕೈ ಅದ್ದಿ ಗೂಡಿನ ಎಳೆ ಹಿಡಿಯುವವರು ಅವರು. ಕೈಯ ಚರ್ಮ ಬಿರಿಯುತ್ತದೆ, ಹಬೆ ಮತ್ತು ಹುಳದ ವಾಸನೆಯ ನಡುವೆ ಕೂತು ಉಸಿರಾಟದ ತೊಂದರೆ ಬರುತ್ತದೆ. ಇವಳು ಮನೆಮನೆಗೆ ಹೋಗಿ ಕೇಳಿ, ಅಳೆದು, ಇಂಗ್ಲಿಷಿನಲ್ಲಿ ಒಂದು ಲೇಖನ ಬರೆಯುತ್ತಾಳೆ.

"ನನ್ನ ಮಾತನ್ನು ಯಾರೂ ತಿರುಚಬಾರದು" ಎಂದು ಯೋಚಿಸಿ ಅವಳು ಎನ್‌ಡಿ ಆರಿಸಿದಳು ಎನ್ನಿ. ಕೇಳಲು ಸರಿಯಾಗಿಯೇ ಇದೆ. ಆದರೆ ಪರವಾನಗಿಯ ಲೆಕ್ಕದಲ್ಲಿ ಅನುವಾದವೂ ಬದಲಾವಣೆಯೇ. ಅಂದರೆ ಆ ಲೇಖನವನ್ನು ಕನ್ನಡಕ್ಕೋ ಉರ್ದುವಿಗೋ ತಂದು ಹಂಚಬೇಕೆಂದರೆ ಪ್ರತಿಯೊಬ್ಬರೂ ಮತ್ತೆ ಅವಳನ್ನು ಹುಡುಕಿ ಅನುಮತಿ ಕೇಳಬೇಕು. ಹತ್ತು ವರ್ಷದ ಮೇಲೆ ಅವಳು ಯಾವ ಊರಿನಲ್ಲಿರುತ್ತಾಳೋ, ಅವಳ ಇಮೇಲ್ ಇರುತ್ತದೋ ಇಲ್ಲವೋ. ಯಾರ ಕೈ ನೋಡಿ ಲೇಖನ ಬರೆದಳೋ ಆ ಹೆಂಗಸರಿಗೇ ಅದು ತಲುಪುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಮಕ್ಕಳಿಗೆ ಪಾಠ ಹೇಳಿದ ನನಗೆ ಇದು ಎಲ್ಲಕ್ಕಿಂತ ದೊಡ್ಡ ನಷ್ಟ ಅನ್ನಿಸುತ್ತದೆ.

ಎನ್‌ಸಿ ಆರಿಸಿದರೆ? "ನನ್ನ ಶ್ರಮದಿಂದ ಯಾರೋ ದುಡ್ಡು ಮಾಡಬಾರದು" ಎಂಬ ಭಾವನೆ ಸಹಜ. ಆದರೆ ಯಾವುದು ವ್ಯಾಪಾರ ಎಂಬ ಗೆರೆ ಎಲ್ಲ ಕಡೆ ಸ್ಪಷ್ಟವಾಗಿಲ್ಲ. ಜಾಹೀರಾತು ಹಾಕುವ ಸ್ಥಳೀಯ ಪತ್ರಿಕೆ, ಅಚ್ಚಿನ ಖರ್ಚಿನ ಮೇಲೆ ನಾಲ್ಕು ಕಾಸು ಇಟ್ಟು ಕಿರುಪುಸ್ತಕ ಮಾರುವ ಸಣ್ಣ ಪ್ರಕಾಶಕ, ಇವರೆಲ್ಲ "ಯಾಕೆ ಬೇಕು ತಕರಾರು" ಎಂದು ಹಿಂದೆ ಸರಿಯುತ್ತಾರೆ. ವಿಕಿಪೀಡಿಯದಲ್ಲಿಯೂ ಎನ್‌ಸಿ, ಎನ್‌ಡಿ ಇರುವ ಪಠ್ಯವನ್ನು ಸೇರಿಸಲಾಗದು. ಕನ್ನಡ ವಿಕಿಪೀಡಿಯಕ್ಕೂ ಇದೇ ನಿಯಮ.

ಸಿಸಿ ಬೈ ಆರಿಸಿದರೆ ಅವಳ ಹೆಸರು, ಮೂಲ ಲೇಖನ ಎಲ್ಲಿದೆ, ಯಾವ ಪರವಾನಗಿ, ಏನಾದರೂ ಬದಲಾವಣೆ ಮಾಡಿದ್ದಾರೆಯೇ ಎಂಬುದನ್ನು ಹೇಳಿ ಯಾರು ಬೇಕಾದರೂ ಅನುವಾದಿಸಬಹುದು, ಹಂಚಬಹುದು, ಪಾಠಕ್ಕೆ ಬಳಸಬಹುದು. ಅನುವಾದವನ್ನೂ ಯಾರೂ ಬಚ್ಚಿಡಬಾರದು ಎಂದಿದ್ದರೆ ಸಿಸಿ ಬೈ-ಎಸ್‌ಎ ಇದೆ. ಸಂಶೋಧನಾ ಲೇಖನಕ್ಕೆ ಈ ಎರಡರಲ್ಲಿ ಒಂದು ಸಾಕು ಎಂಬುದು ನನ್ನ ಅಭಿಪ್ರಾಯ. ಇದು ನನ್ನೊಬ್ಬನ ಮಾತಲ್ಲ. ಸಂಶೋಧನೆ ಎಲ್ಲರಿಗೂ ಸಿಗಬೇಕು ಎಂದು 2002ರಲ್ಲಿ ಬುಡಾಪೆಸ್ಟ್ ಘೋಷಣೆ ಹೊರಡಿಸಿದವರು, ಹತ್ತು ವರ್ಷದ ನಂತರ 2012ರಲ್ಲಿ ಸಿಸಿ ಬೈ ಅಥವಾ ಅದಕ್ಕೆ ಸಮನಾದುದನ್ನೇ ಶಿಫಾರಸು ಮಾಡಿದರು.

ಕನ್ನಡದಲ್ಲೂ ಈ ದಾರಿ ತುಳಿದವರಿದ್ದಾರೆ. ಮೈಸೂರು ವಿಶ್ವವಿದ್ಯಾನಿಲಯ 2014ರಲ್ಲಿ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಡುಗಡೆ ಮಾಡಿತು. ಗ್ರಂಥಾಲಯದ ಕಪಾಟಿನಲ್ಲಿದ್ದ ಬರಹಗಳನ್ನು ಹಳ್ಳಿಯ ಹುಡುಗನೂ ಮೊಬೈಲಿನಲ್ಲಿ ಓದುವಂತಾಯಿತು. ವಿಶ್ವವಿದ್ಯಾನಿಲಯದ ಹೆಸರು ಅದರಿಂದ ಕಡಿಮೆಯಾಗಲಿಲ್ಲ.

"ಮುಕ್ತವಾಗಿ ಬಿಟ್ಟರೆ ಕದಿಯುವುದಿಲ್ಲವೇ ಸಾರ್?" ಎಂದು ಮಕ್ಕಳು ಕೇಳುತ್ತಾರೆ. ಹೆಸರು ಹೇಳದೆ ತನ್ನದೆಂದು ತೋರಿಸಿಕೊಂಡರೆ ಅದು ಪರವಾನಗಿಯ ಉಲ್ಲಂಘನೆಯೇ. ಹಾಗೆ ಮಾಡಿದವನಿಗೆ ಆ ಅನುಮತಿ ರದ್ದಾಗುತ್ತದೆ. ಬೀಗ ಹಾಕಿಟ್ಟ ಲೇಖನವನ್ನೂ ಕದಿಯುವವರು ಕದಿಯುತ್ತಾರೆ. ಎಲ್ಲರ ಕಣ್ಣೆದುರು ಇರುವ ಲೇಖನವನ್ನು ಕದ್ದರೆ ಬೇಗ ಸಿಕ್ಕಿಬೀಳುತ್ತಾರೆ.

ಇನ್ನು ಕೆಲವು ಎಚ್ಚರಿಕೆಯ ಮಾತು. ಒಂದು, ಈ ಅನುಮತಿ ಒಮ್ಮೆ ಕೊಟ್ಟರೆ ಹಿಂದಕ್ಕೆ ಪಡೆಯಲಾಗದು. ನೀವು ಮುಂದೆ ಹಂಚುವುದನ್ನು ನಿಲ್ಲಿಸಬಹುದು, ಆದರೆ ಅಷ್ಟರಲ್ಲಿ ಪಡೆದವರ ಹಕ್ಕು ಹಾಗೆಯೇ ಉಳಿಯುತ್ತದೆ. ಎರಡು, ನಿಮ್ಮದಲ್ಲದ್ದಕ್ಕೆ ನೀವು ಅನುಮತಿ ಕೊಡುವಂತಿಲ್ಲ. ಬೇರೆಯವರ ಫೋಟೊ, ನಕ್ಷೆ, ಪ್ರಶ್ನಾವಳಿ ಬಳಸಿದ್ದರೆ ಅದನ್ನು ಬೇರೆಯಾಗಿ ಗುರುತಿಸಿ. ಸಹಲೇಖಕರಿದ್ದರೆ ಅವರ ಒಪ್ಪಿಗೆ ಬೇಕು, ಗೈಡ್ ಜೊತೆಯೂ ಮಾತಾಡಿ. ಮೂರು, ನಂಬಿ ಮಾತಾಡಿದವರ ಗುಟ್ಟು ಹಂಚಿಕೆಯ ವಸ್ತುವಲ್ಲ. ಆ ರೇಷ್ಮೆ ಕೆಲಸದ ಹೆಂಗಸರ ಹೆಸರು, ವಿಳಾಸ, ಕಾಯಿಲೆಯ ವಿವರ ಯಾವ ಪರವಾನಗಿಯಲ್ಲೂ ಹೊರಗೆ ಹೋಗಬಾರದು. ನಾಲ್ಕು, ಕಂಪ್ಯೂಟರ್ ಪ್ರೋಗ್ರಾಂ ಬರೆಯುವವರಿಗೆ ಸಿಸಿ ಹೊಂದುವುದಿಲ್ಲ. ಅದಕ್ಕೆ ಎಂಐಟಿ, ಜಿಪಿಎಲ್ ಎಂಬ ಬೇರೆ ಪರವಾನಗಿಗಳಿವೆ.

ತಂದೆ ತಾಯಂದಿರಿಗೆ ಒಂದು ಮಾತು. ಮುಕ್ತ ಪ್ರಕಟಣೆ ಎಂದರೆ ದುಡ್ಡು ಕಟ್ಟಲೇಬೇಕು ಎಂದೇನಿಲ್ಲ. ಲೇಖಕರಿಂದ ಹಣ ಪಡೆಯುವ ಒಳ್ಳೆಯ ಪತ್ರಿಕೆಗಳೂ ಇವೆ, ಏನನ್ನೂ ಪಡೆಯದವೂ ಇವೆ. ಆದರೆ "ಮೂರು ದಿನದಲ್ಲಿ ಪ್ರಕಟಿಸುತ್ತೇವೆ, ಇಷ್ಟು ಕಟ್ಟಿ" ಎಂದು ವಾಟ್ಸಾಪಿನಲ್ಲಿ ಕರೆಯುವವರೂ ಇದ್ದಾರೆ. ಮಗ, ಮಗಳು ಅಂಥ ಕಡೆ ಕಟ್ಟಲು ಹಣ ಕೇಳಿದರೆ ಕೊಡುವ ಮುನ್ನ ಗೈಡ್ ಏನೆಂದರು ಎಂದು ಕೇಳಿ. ಯುಜಿಸಿಯ 2022ರ ನಿಯಮಗಳಲ್ಲಿ ಪಿಎಚ್.ಡಿ. ಪ್ರಬಂಧ ಸಲ್ಲಿಸುವ ಮೊದಲು ಪತ್ರಿಕೆಯಲ್ಲಿ ಲೇಖನ ಬರಲೇಬೇಕು ಎಂಬ ಕಡ್ಡಾಯವನ್ನು ತೆಗೆದಿದ್ದಾರೆ. ನಿಮ್ಮ ವಿಶ್ವವಿದ್ಯಾಲಯದ ನಿಯಮವನ್ನು ವಿಚಾರಿಸಿಕೊಳ್ಳಿ. ಗಾಬರಿಯಿಂದ ಸಾಲ ಮಾಡಿ ಕಟ್ಟಬೇಡಿ. ಹಕ್ಕು ನಿಮ್ಮಲ್ಲೇ ಇದ್ದರೆ ವಿಶ್ವವಿದ್ಯಾಲಯದ ಭಂಡಾರದಲ್ಲಿ ಲೇಖನ ಇಟ್ಟು ಪರವಾನಗಿ ಬರೆಯಲು ಖರ್ಚಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2002ರಿಂದಲೇ ಅಂಥ ಭಂಡಾರ ನಡೆಸುತ್ತಿದೆ. ಪಿಎಚ್.ಡಿ. ಪ್ರಬಂಧಗಳಿಗಂತೂ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ಶೋಧಗಂಗಾ ಇದೆ.

ಕೊನೆಗೆ ದಾನಿಗಳಲ್ಲಿ ಒಂದು ವಿನಂತಿ. ಜ್ಞಾನಕ್ಕೆ ಬೆಲೆ ಕಟ್ಟುವುದು ಎಷ್ಟು ದುಬಾರಿ ನೋಡಿ. ಪತ್ರಿಕೆಗಳ ಚಂದಾಕ್ಕೆಂದು ಕೇಂದ್ರ ಸರ್ಕಾರ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಯಲ್ಲಿ ಮೂರು ವರ್ಷಕ್ಕೆ ಸುಮಾರು 6,000 ಕೋಟಿ ರೂಪಾಯಿ ತೆಗೆದಿಟ್ಟಿದೆ. ಸರ್ಕಾರಿ ಸಂಸ್ಥೆಗಳ ಮಕ್ಕಳಿಗೆ ಅದರಿಂದ ಅನುಕೂಲವಾಗಿದೆ. ಆದರೆ ಊರಿನ ನರ್ಸ್, ರೇಷ್ಮೆ ರೀಲರ್, ಹೈಸ್ಕೂಲು ಮೇಷ್ಟ್ರು ಆ ಬಾಗಿಲಿನ ಹೊರಗೇ ಇದ್ದಾರೆ. ಲಂಡನ್ನಿನ ವೆಲ್‌ಕಮ್ ಟ್ರಸ್ಟ್ ಕೂಡ ಒಂದು ದತ್ತಿ ಸಂಸ್ಥೆಯೇ. ತನ್ನ ಹಣದಿಂದ ನಡೆದ ಸಂಶೋಧನೆಯ ಲೇಖನಗಳು ಎಲ್ಲರಿಗೂ ಉಚಿತವಾಗಿ ಸಿಗಬೇಕು, ಸಾಮಾನ್ಯವಾಗಿ ಸಿಸಿ ಬೈ ಅಡಿಯಲ್ಲೇ ಇರಬೇಕು ಎಂದು ಅದು ನಿಯಮ ಮಾಡಿಕೊಂಡಿದೆ. ನಾವು ಅಷ್ಟು ದೊಡ್ಡವರಲ್ಲ, ಮಕ್ಕಳ ಮೇಲೆ ಷರತ್ತು ಹೇರುವುದೂ ಬೇಡ. ಆದರೆ ಉನ್ನತ ವ್ಯಾಸಂಗದ ಅರ್ಜಿಯಲ್ಲಿ ಒಂದು ಸಾಲು ಸೇರಿಸಬಹುದು: "ನಿಮ್ಮ ಪ್ರಬಂಧ ಅಥವಾ ಲೇಖನವನ್ನು ಯಾವ ಪರವಾನಗಿಯಲ್ಲಿ ಪ್ರಕಟಿಸಲು ಯೋಚಿಸಿದ್ದೀರಿ?" ಆ ಪ್ರಶ್ನೆ ಕಂಡರೆ ಮಕ್ಕಳು ಒಮ್ಮೆಯಾದರೂ ಯೋಚಿಸುತ್ತಾರೆ. ಜೊತೆಗೆ ನಮ್ಮ ವಿದ್ಯಾರ್ಥಿಗಳ ಸಂಶೋಧನೆಯ ಎರಡು ಪುಟದ ಕನ್ನಡ ಸಾರಾಂಶವನ್ನು ಪ್ರತಿ ವರ್ಷ ಈ ವರದಿಯಲ್ಲೇ ಅಚ್ಚು ಹಾಕಬಹುದು. ಅದನ್ನು ಓದಿ ತಿದ್ದುವ ಕೆಲಸಕ್ಕೆ ನಾನು ಸಿದ್ಧನಿದ್ದೇನೆ.

ವಿದ್ಯಾರ್ಥಿಗಳೇ, ಫಾರಂ ಬಂದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಹಕ್ಕು ನನ್ನಲ್ಲೇ ಉಳಿಯುತ್ತದೆಯೇ? ಬೇರೆ ಭಾಷೆಗೆ ತರಲು ಅನುಮತಿ ಇದೆಯೇ? ಯಾರ ಬಗ್ಗೆ ಬರೆದೆನೋ ಅವರ ಕೈಗೆ ಇದು ಸೇರುತ್ತದೆಯೇ? ಮೂರಕ್ಕೂ ಹೌದು ಎಂಬ ಉತ್ತರ ಬಂದರೆ ಸಹಿ ಹಾಕಿ.