ಚಿತ್ರಗಳ ರಾಶಿಯಿಂದ ಪಾಠ ಹುಟ್ಟುವುದಿಲ್ಲ

(ಅಧ್ಯಾಪಕರು ಮತ್ತು ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣ)



ಅಧ್ಯಾಪಕರೊಬ್ಬರು ವರ್ಗವಾಗಿ ಹೋದಾಗ ಶಾಲೆ ಕಳಕೊಳ್ಳುವುದೇನು ಎಂದು ನಾವೆಂದಾದರೂ ಯೋಚಿಸಿದ್ದೇವೆಯೇ? ವರ್ಷಗಟ್ಟಲೆ ಅವರು ಕತ್ತರಿಸಿಟ್ಟ ಚಿತ್ರಗಳು, ಬರೆದ ಚಾರ್ಟುಗಳು, ರಟ್ಟಿನ ಮಾದರಿಗಳು ಕಪಾಟಿನಲ್ಲಿ ಧೂಳು ತಿನ್ನುತ್ತವೆ. ಹೊಸಬರು ಎಲ್ಲವನ್ನೂ ಮೊದಲಿನಿಂದ ಆರಂಭಿಸುತ್ತಾರೆ. ಈಗ ಚಿತ್ರಗಳು ಮೊಬೈಲಿಗೆ ಬಂದಿವೆ. ಆದರೆ ವಾಟ್ಸ್ಆ್ಯಪ್ ಗುಂಪಿಗೆ ಬಂದ ಒಳ್ಳೆಯ ಚಿತ್ರವೂ ನಾಲ್ಕೇ ದಿನಗಳಲ್ಲಿ ಶುಭಾಶಯಗಳ ರಾಶಿಯಡಿ ಹೂತುಹೋಗುತ್ತದೆ. ಸಾಧನ ಬದಲಾಯಿತು, ನಷ್ಟ ಬದಲಾಗಲಿಲ್ಲ.

ಈ ನಷ್ಟವನ್ನು ತಡೆಯಲು ಹಲವರು ಬಳಸುತ್ತಿರುವ ಸಾಧನ ಪಿಂಟರೆಸ್ಟ್. 2010ರಲ್ಲಿ ಅಮೆರಿಕದಲ್ಲಿ ಆರಂಭವಾದ ಈ ಆ್ಯಪ್‌ನ ವಿಧಾನ ಸರಳವಾದುದು. ಅಂತರ್ಜಾಲದಲ್ಲಿ ಕಂಡ ಚಿತ್ರವನ್ನು ಗೋಡೆಗೆ ಗುಂಡುಸೂಜಿ ಚುಚ್ಚಿದಂತೆ ನಮ್ಮದೊಂದು ಬೋರ್ಡಿಗೆ ಸಿಕ್ಕಿಸಿಡಬಹುದು. ಅದನ್ನು ಒತ್ತಿದರೆ ಸಾಮಾನ್ಯವಾಗಿ ಅದು ಬಂದ ಮೂಲ ಪುಟ ತೆರೆಯುತ್ತದೆ. 'ಐದನೇ ತರಗತಿ ಪರಿಸರ ಅಧ್ಯಯನ' ಎಂಬ ಬೋರ್ಡಿನೊಳಗೆ ಪಾಠಕ್ಕೊಂದು ವಿಭಾಗ ಮಾಡಬಹುದು. ಬೋರ್ಡನ್ನು ಗುಟ್ಟಾಗಿಡಬಹುದು, ಸಹೋದ್ಯೋಗಿಗಳನ್ನು ಆಹ್ವಾನಿಸಿ ಜೊತೆಯಾಗಿ ತುಂಬಲೂಬಹುದು. ಅಮೆರಿಕದ ಪ್ರಾಥಮಿಕ ಶಾಲಾ ಅಧ್ಯಾಪಕರಲ್ಲಿ ಬಹುಪಾಲು ಮಂದಿ ಪಾಠದ ಸಾಮಗ್ರಿಗಾಗಿ ಪಿಂಟರೆಸ್ಟನ್ನು ನೋಡುತ್ತಾರೆಂದು ರ್ಯಾಂಡ್ ಸಂಸ್ಥೆಯ 2016ರ ವರದಿ ಹೇಳಿತ್ತು.

ಆದರೆ ಪ್ರಶ್ನೆ ಉದ್ಭವಿಸುವುದೇ ಇಲ್ಲಿ. ಈ ಆ್ಯಪ್‌ನಲ್ಲಿ 'ಋತುಗಳು' ಎಂಬುದನ್ನು ಇಂಗ್ಲಿಷಿನಲ್ಲಿ ಹುಡುಕಿ ನೋಡಿ. ಹಿಮ ಹೊದ್ದ ಮನೆ, ಕೆಂಪಾಗಿ ಉದುರುವ ಎಲೆ, ಅರಳುವ ಟ್ಯುಲಿಪ್, ಕಡಲ ದಂಡೆಯ ಬಿಸಿಲು, ಹೀಗೆ ನಾಲ್ಕು ಚಿತ್ರಗಳು ಸಾಲಾಗಿ ಬರುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ನಮ್ಮ ಮುಂಗಾರು ಎಲ್ಲಿದೆ? ಕೊಡೆ ಹಿಡಿದು ಶಾಲೆಗೆ ಬಂದ ಮಗುವಿಗೆ ಮಳೆಗಾಲವೇ ಇಲ್ಲದ ಋತುಚಕ್ರವನ್ನು ತೋರಿಸಿದರೆ ಅದು ಕಲಿಯುವುದೇನು? ತಾನು ಕಂಡದ್ದು ಪಾಠಕ್ಕೆ ಸೇರಿದ್ದಲ್ಲ, ಪಾಠವೆಂಬುದು ಬೇರೆಯವರ ಊರಿನದ್ದು ಎಂದು. ಇದು ಸಣ್ಣ ಹಾನಿಯಲ್ಲ. ಚಿತ್ರ ಸುಂದರವಾಗಿದ್ದಷ್ಟೂ ಈ ಹಾನಿ ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಚಿತ್ರದ ಮೂಲಕ ಕಲಿಸುವುದು ನಮ್ಮ ನಾಡಿಗೆ ಹೊಸತೇನಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಆರಂಭವಾದ 'ನಲಿ ಕಲಿ'ಯನ್ನು ನೆನಪಿಸಿಕೊಳ್ಳಿ. ಅಲ್ಲಿನ ಕಲಿಕಾ ಕಾರ್ಡುಗಳನ್ನು ರೂಪಿಸಿದವರಲ್ಲಿ ಸರಕಾರಿ ಶಾಲೆಯ ಅಧ್ಯಾಪಕರೇ ಇದ್ದರು. ಪ್ರತಿಯೊಂದು ಕಾರ್ಡಿಗೂ ಕಲಿಕಾ ಏಣಿಯಲ್ಲಿ ಒಂದು ಮೆಟ್ಟಿಲಿತ್ತು. ಯಾವ ಕಾರ್ಡು ಮೊದಲು, ಯಾವುದು ನಂತರ, ಅದರಿಂದ ಮಗು ಏನು ಕಲಿಯಬೇಕು ಎಂಬುದು ನಿಗದಿಯಾಗಿತ್ತು. ಪಿಂಟರೆಸ್ಟ್ ನಮಗೆ ಕಾರ್ಡುಗಳನ್ನು ರಾಶಿ ರಾಶಿಯಾಗಿ ಕೊಡುತ್ತದೆ, ಏಣಿಯನ್ನು ಕೊಡುವುದಿಲ್ಲ. ಅದನ್ನು ಅಧ್ಯಾಪಕರೇ ಕಟ್ಟಬೇಕು.

ಹೇಗೆ ಕಟ್ಟುವುದು? ಪ್ರತಿ ಚಿತ್ರದ ಕೆಳಗೆ ಕನ್ನಡದಲ್ಲೋ ಉರ್ದುವಿನಲ್ಲೋ ಎರಡು ಸಾಲು ಬರೆಯಿರಿ. ಯಾವ ತರಗತಿ, ಯಾವ ಪಾಠ, ಚಿತ್ರ ತೋರಿಸಿ ಕೇಳಬೇಕಾದ ಒಂದು ಪ್ರಶ್ನೆ, ಇಷ್ಟು ಸಾಕು. ಹಿಮದ ಚಿತ್ರವನ್ನೂ ಬಿಸಾಡಬೇಕಾಗಿಲ್ಲ. 'ನಮ್ಮೂರಿನಲ್ಲಿ ಇದರ ಬದಲು ಏನಿದೆ?' ಎಂದು ಬರೆದರೆ ಅದೇ ಒಳ್ಳೆಯ ಪಾಠವಾಗುತ್ತದೆ. ಬೋರ್ಡಿನಲ್ಲಿ ಐನೂರು ಚಿತ್ರಗಳಿರುವುದಕ್ಕಿಂತ ಹೀಗೆ ಟಿಪ್ಪಣಿಯಿರುವ ಇಪ್ಪತ್ತು ಚಿತ್ರಗಳಿರುವುದು ಮೇಲು.

ಸೇರಿಸುವ ಮುನ್ನ ಮೂಲ ಪುಟವನ್ನು ತೆರೆದು ನೋಡಿ. ಎಷ್ಟೋ ಕೊಂಡಿಗಳು ಸತ್ತುಹೋಗಿರುತ್ತವೆ. ಕೃತಕ ಬುದ್ಧಿಮತ್ತೆ ಬರೆದ ಚಿತ್ರಗಳೂ ಈಗ ಧಾರಾಳವಾಗಿವೆ. ಅಂಥವುಗಳಿಗೆ ಗುರುತುಪಟ್ಟಿ ಹಚ್ಚುವ ಕ್ರಮವನ್ನು ಪಿಂಟರೆಸ್ಟ್ 2025ರಲ್ಲಿ ಜಾರಿಗೆ ತಂದಿತು. ಆದರೂ ಹೃದಯದ ಚಿತ್ರದಲ್ಲಿ ರಕ್ತನಾಳ ಸರಿಯಾಗಿದೆಯೇ ಎಂದು ಪಠ್ಯಪುಸ್ತಕದೊಂದಿಗೆ ತಾಳೆ ನೋಡುವ ಹೊಣೆ ಅಧ್ಯಾಪಕರದ್ದೇ.

ಇನ್ನೊಬ್ಬರ ಶ್ರಮದ ಹಕ್ಕನ್ನೂ ಮರೆಯಬಾರದು. ಪಾಠ ಹೇಳುವ ಸಂದರ್ಭದಲ್ಲಿ ಕೃತಿಯನ್ನು ನಕಲು ಮಾಡಿ ಬಳಸಲು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಅವಕಾಶ ಕೊಟ್ಟಿದೆ. ಹಾಗೆಂದು ಯಾರದೋ ಪುಸ್ತಕದ ಪುಟಗಳನ್ನು ಫೋಟೋ ತೆಗೆದು ಜಗತ್ತಿಗೇ ಹಂಚುವ ಪರವಾನಿಗೆ ಅದಲ್ಲ. ಹಾಗೆಯೇ, ಮಕ್ಕಳ ಮುಖ, ಹೆಸರು, ಅಂಕಪಟ್ಟಿ ಯಾವ ಬೋರ್ಡಿಗೂ ಹೋಗಕೂಡದು. ಹದಿಮೂರು ತುಂಬದವರು ಖಾತೆ ತೆರೆಯಬಾರದೆಂಬುದು ಆ್ಯಪ್‌ನದ್ದೇ ನಿಯಮ. ತೆರೆದಿದ್ದರೆ ಅದನ್ನು ಗಮನಿಸಬೇಕಾದವರು ಹೆತ್ತವರು.

ಈ ಬೋರ್ಡು ನಮ್ಮ ಆಸ್ತಿಯಲ್ಲ, ಒಂದು ಕಂಪನಿಯ ಅಂಗಳ ಎಂಬುದೂ ನೆನಪಿರಲಿ. 2020ರ ಜೂನ್‌ನಲ್ಲಿ ಕೇಂದ್ರ ಸರಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿದಾಗ ಅಲ್ಲಿ ವೀಡಿಯೊ ಪಾಠ ಮಾಡುತ್ತಿದ್ದವರ ವೇದಿಕೆಯೇ ಇಲ್ಲವಾಯಿತು. ನಿರ್ಧಾರದ ಸರಿತಪ್ಪು ಬೇರೆ ಮಾತು. ಮುಖ್ಯವಾದುದನ್ನು ಮುದ್ರಿಸಿ ಶಾಲೆಯಲ್ಲೂ ಒಂದು ಪ್ರತಿ ಇಡುವುದು ನಾವು ಕಲಿಯಬೇಕಾದ ಪಾಠ. ಸರಕಾರದ 'ದೀಕ್ಷಾ' ವೇದಿಕೆಯೂ 2017ರಿಂದ ಇದೆ. ಎರಡನ್ನೂ ಬಳಸೋಣ. ಆದರೆ ಆ್ಯಪ್ ಇದೆಯೆಂಬ ನೆಪದಲ್ಲಿ ಗ್ರಂಥಾಲಯ, ಪ್ರಯೋಗಾಲಯ, ಸಾಕಷ್ಟು ಅಧ್ಯಾಪಕರನ್ನು ಒದಗಿಸುವ ಹೊಣೆಯಿಂದ ಸರಕಾರ ಜಾರಿಕೊಳ್ಳಲು ಬಿಡದಿರೋಣ.

ದೊಡ್ಡ ಖಾಸಗಿ ಶಾಲೆಗೆ ಸಾಮಗ್ರಿ ಕೊಳ್ಳಲು ಹಣವಿದೆ. ಇಬ್ಬರೇ ಅಧ್ಯಾಪಕರು ಐದು ತರಗತಿ ನಡೆಸುವ ಕನ್ನಡ ಅಥವಾ ಉರ್ದು ಶಾಲೆಗೆ ಹಣವೂ ಇಲ್ಲ, ಸಮಯವೂ ಇಲ್ಲ. ಇಂಥ ಐದು ಶಾಲೆಗಳ ಅಧ್ಯಾಪಕರು ಸೇರಿ ಒಂದೊಂದು ವಿಷಯ ಹಂಚಿಕೊಂಡರೆ, ಒಬ್ಬರ ದುಡಿಮೆ ಐವರದ್ದಾಗುತ್ತದೆ. ಮಳೆ, ಸಂತೆ, ಗದ್ದೆ, ಬಂದರು, ಬೀಡಿ ಕಟ್ಟುವ ಕೈಗಳು, ಇವುಗಳ ಚಿತ್ರಗಳನ್ನು ಹೆತ್ತವರು ತೆಗೆದುಕೊಡಲಿ. ಅಧ್ಯಾಪಕರು ಎರಡು ಸಾಲು ಬರೆಯಲಿ. ಈ ಜೂನ್‌ನಲ್ಲಿ ಋತುಗಳ ಪಾಠ ಬಂದಾಗ ನಮ್ಮ ಮಕ್ಕಳ ಮುಂದೆ ಮುಂಗಾರಿನ ಚಿತ್ರವೂ ಇರಲಿ.